ತೋಟಕ್ಕೊಂದು ಚೈನ್ ಸಾ: ಕೆಲಸ ಎಲ್ಲಿಗೆ ಬಂತು

ಯುಗಾದಿಗೆ ಮುಂಚೆ

ತುರುವೇಕೆರೆ ಕಡೆಯ ನಮ್ಮ ತೋಟದಲ್ಲಿ ಅಣಬೆ ರೋಗ ಬಂದ ತೆಂಗಿನ ಮರಗಳನ್ನು ತೆಗೆಯಬೇಕು. ಬುಡದಲ್ಲಿ ಅಣಬೆ ಮೂಡಿದ ಮೇಲೆ ಆ ಮರದ ಆಸೆ ಬಿಟ್ಟಂತೆಯೇ. ಹಾಗೇ ಬಿಟ್ಟರೆ ಬೇರಿನ ಮೂಲಕ ಪಕ್ಕದ ಮರಕ್ಕೂ ಹತ್ತುತ್ತದೆ. ಉರುಳಿಸಿದರೆ ಮುಗಿಯಿತು ಅಂತಲೂ ಇಲ್ಲ. ಕೊಳೆತ ಕಾಂಡದಲ್ಲಿ ಕುರುವಾಯಿ ದುಂಬಿ ಮೊಟ್ಟೆ ಇಟ್ಟು, ಆಮೇಲೆ ಚೆನ್ನಾಗಿರೋ ಮರದ ಸುಳಿಗೆ ಬೀಳುತ್ತದೆ. ಆದ್ದರಿಂದ ಮಳೆ ಹಿಡಿಯುವ ಮೊದಲೇ ತುಂಡು ಮಾಡಿ ಸಾಗಿಸಬೇಕು. ಮರ ಕೊಯ್ಯುವವರು ಬರುವುದು ಅವರಿಗೆ ಬಿಡುವಾದಾಗ. ಸ್ವಂತದ್ದೊಂದು ಚೈನ್ ಸಾ, ಅಂದರೆ ಮರ ಕೊಯ್ಯುವ ಮಿಷನ್ ಇರಲಿ ಎಂದು ತೀರ್ಮಾನ ಮಾಡಿದೆ.

ತೆಂಗು ನೋಡಲು ಸುಲಭ, ಕೊಯ್ಯಲು ಅಲ್ಲ. ಒಳಗೆ ಮೆತ್ತಗಿದ್ದರೂ ಹೊರಸುತ್ತು ಗಟ್ಟಿ ನಾರು, ಅದರಲ್ಲೂ ಬುಡದ ಕಡೆ. ಜೊತೆಗೆ ಮಳೆಗೆ ಸಿಡಿದ ಮಣ್ಣು ಬುಡದ ಬಿರುಕುಗಳಲ್ಲಿ ಕೂತಿರುತ್ತದೆ. ಚೈನ್ ಮೊಂಡಾಗುವುದು ಮರಕ್ಕಿಂತ ಜಾಸ್ತಿ ಆ ಮಣ್ಣಿಗೆ.

ಭಾಮೈದನ ಮಿಷನ್

ಕೊಳ್ಳುವ ಮೊದಲು ಭಾಮೈದನ ಮಿಷನ್ ತಂದು ನೋಡಿದೆ. ಆನ್‌ಲೈನ್‌ನಲ್ಲಿ ತರಿಸಿದ್ದು, ಹೆಸರು ಬೇಡ. 22 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದನೆ ಪಟ್ಟಿ), ಮೇಲೆ ದೊಡ್ಡದಾಗಿ 58 ಸಿಸಿ ಎಂಬ ಸ್ಟಿಕ್ಕರ್. "ಭಾವ, ಇದರ ಪವರ್ ಮುಂದೆ ನೀವು ನೋಡ್ತಿರೋ 45 ಸಿಸಿ ಯಾವ ಲೆಕ್ಕ?" ಅಂದ. ಸರಿ, ಲೆಕ್ಕವನ್ನೇ ಹಾಕೋಣ ಅಂತ ಕೂತೆ. ಈ ಮಾದರಿಯಲ್ಲಿ ಸಾಮಾನ್ಯವಾಗಿ ಬರುವ ಬೋರ್ (ಸಿಲಿಂಡರಿನ ಅಗಲ) 45.2 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 34 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 54.5 ಸಿಸಿ ಆಗುತ್ತದೆ. ಮಿಕ್ಕ ಮೂರೂವರೆ ಸಿಸಿ ಸ್ಟಿಕ್ಕರ್‌ನದು! ಒಂದೇ ಅಚ್ಚಿನ ಮಿಷನ್ಗಳು ಹತ್ತಾರು ಹೆಸರಿನಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಬರುತ್ತವೆ.

ಸಿಸಿ ಹಾಳಾಗಲಿ. ನನಗೆ ಹೆದರಿಕೆ ಆದದ್ದು ಬೇರೆ ಎರಡು ವಿಷಯಕ್ಕೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಚೈನ್ ತಿರುಗುತ್ತಲೇ ಇತ್ತು. ಸ್ಲೋ ಇಟ್ಟರೆ ಆಫ್ ಆಗುತ್ತದೆ ಅಂತ ಅವನು ಐಡ್ಲಿಂಗ್ ಸ್ಕ್ರೂ ಬಿಗಿ ಮಾಡಿಟ್ಟಿದ್ದ. ಎಲ್ಲೋ ಗಾಳಿ ಎಳೆಯುತ್ತಿರುವ ಇಂಜಿನ್ ಹೀಗೆಯೇ ಆಡುವುದು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಅದರಲ್ಲಿ ಬೆರೆಸಿದ ಆಯಿಲ್ಲೂ ಕಡಿಮೆ. ಕೊನೆಗೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಎರಡನೆಯದು ಚೈನ್ ಬ್ರೇಕ್. ಹಿಡಿಯ ಮುಂದಿರುವ ಗಾರ್ಡ್ ತಳ್ಳಿದ ಮೇಲೂ ಚೈನ್ ಸ್ವಲ್ಪ ಓಡಿ ಆಮೇಲೆ ನಿಂತಿತು. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಚಿಮ್ಮಿ ಮುಖದ ಕಡೆಗೇ ಬರುತ್ತದೆ. ಆ ಹೊತ್ತಿಗೆ ಕಣ್ಣು ಮಿಟುಕಿಸುವುದರೊಳಗೆ ಚೈನ್ ನಿಲ್ಲಬೇಕು. ಸ್ವಲ್ಪ ಓಡಿ ನಿಂತರೆ ಏನು ಬಂತು?

ಸೌದೆ ಸೀಳಿಕೊಳ್ಳಲು ಐದಾರು ಸಾವಿರದ ಮಿಷನ್ ಸಾಕು ಅನ್ನುವವರಿದ್ದಾರೆ. ಇರಬಹುದು. ಆದರೆ ನಿಂತ ಮರಕ್ಕೆ ನಾನು ಅದನ್ನು ಹಿಡಿಯುವುದಿಲ್ಲ.

ತುಮಕೂರಿಗೆ ಹೋಗಿ ಬಂದೆ

ಅಂಗಡಿಯಲ್ಲಿದ್ದ ಮೆಕ್ಯಾನಿಕ್ ಮಾತು ತೂಕದ್ದು. "ಸ್ವಾಮಿ, ಮಿಷನ್ ಯಾರು ಬೇಕಾದ್ರೂ ಮಾರ್ತಾರೆ. ಕಾರ್ಬೊರೇಟರ್ ಕಿಟ್ಟು, ಆಯಿಲ್ ಪಂಪು, ಸ್ಟಾರ್ಟರ್ ಸ್ಪ್ರಿಂಗು ಯಾರು ಇಟ್ಟವ್ರೆ ಅಂತ ಕೇಳಿ." ನನ್ನ ಹುಡುಕಾಟ ನಿಂತದ್ದೂ ಇದೇ ಪ್ರಶ್ನೆಯ ಮೇಲೆ. ನಮ್ಮೂರಿಂದ ಬಸ್ಸು ಹತ್ತಿ ಹೋಗಿ, ಸಂಜೆಯೊಳಗೆ ರಿಪೇರಿ ಮಾಡಿಸಿಕೊಂಡು ಬರುವಂಥ ಮಿಷನ್ ಯಾವುದೋ ಅದೇ ಒಳ್ಳೆಯದು.

ಸ್ಟಿಲ್ ಕಂಪನಿಯ ಎಂಎಸ್ 180 ಹಗುರ, 31.8 ಸಿಸಿ. ಕೊಂಬೆಗೆ, ಅಡಿಕೆಗೆ ಚೆನ್ನ. ದಿನವಿಡೀ ತೆಂಗಿನ ಬುಡ ಕೊಯ್ಯಲು ಸಾಲದು ಅನ್ನಿಸಿತು. ಹಸ್ಕ್‌ವರ್ನಾ 445 ಮತ್ತು ಸ್ಟಿಲ್ ಎಂಎಸ್ 250 ಹೆಚ್ಚುಕಡಿಮೆ ಒಂದೇ ಅಳತೆಯವು, 45 ಸಿಸಿ ಆಸುಪಾಸು. ಎರಡರಲ್ಲಿ ಯಾವುದು ತಗೊಂಡರೂ ತಪ್ಪಿಲ್ಲ. ಈ ಮೆಕ್ಯಾನಿಕ್ ಸ್ಟಿಲ್ ಸಾಮಾನು ಇಟ್ಟಿದ್ದರಿಂದ ನಾನು ಎಂಎಸ್ 250 ತಗೊಂಡೆ. 45.4 ಸಿಸಿ, 2.3 ಕಿಲೋವ್ಯಾಟ್. ತೂಕ ಬಾರ್, ಚೈನ್, ಪೆಟ್ರೋಲ್ ಬಿಟ್ಟು 4.6 ಕೆ.ಜಿ. ಭಾಮೈದನದಕ್ಕಿಂತ ಬೆಲೆ ಬಹಳ ಪಟ್ಟು ಜಾಸ್ತಿ, ಹೊಟ್ಟೆ ಉರಿಯಿತು ನಿಜ. ಬಾರ್ 16 ಇಂಚು ಸಾಕು ಅಂದೆ. ಬುಡ ದಪ್ಪ ಇದ್ದರೆ ಎರಡೂ ಕಡೆಯಿಂದ ಕೊಯ್ದರಾಯಿತು. ಬಾರ್ ಉದ್ದವಾದಷ್ಟೂ ಕೈ ಸೋಲುತ್ತದೆ, ಅರ ಹಾಕಬೇಕಾದ ಹಲ್ಲುಗಳೂ ಜಾಸ್ತಿ.

ಕಿತ್ತಳೆ-ಬಿಳಿ ಬಣ್ಣ ಕಂಡು ಮಾತ್ರ ಮೋಸ ಹೋಗಬೇಡಿ. ಸ್ಟಿಲ್ ನಕಲು ಮಾಲು ಬೇಕಾದಷ್ಟಿದೆ, ಕಂಪನಿಯೇ ಅದರ ಬಗ್ಗೆ ಎಚ್ಚರಿಸಿದೆ. ಡೀಲರ್ ಬಿಲ್ಲು, ಮಿಷನ್ ಮೇಲಿನ ಸೀರಿಯಲ್ ನಂಬರ್ ಎರಡೂ ತಾಳೆಯಾಗಬೇಕು. ದುಡ್ಡು ಕೊಡುವ ಮೊದಲು ಅಲ್ಲೇ ಸ್ಟಾರ್ಟ್ ಮಾಡಿಸಿ, ಐಡ್ಲಿಂಗ್‌ನಲ್ಲಿ ಚೈನ್ ನಿಲ್ಲುತ್ತದಾ, ಬ್ರೇಕ್ ಹಿಡಿಯುತ್ತದಾ ನೋಡಿ. ಬೇಜಾರು ಮಾಡಿಕೊಳ್ಳುವ ಅಂಗಡಿಯವನ ಹತ್ತಿರ ಕೊಳ್ಳುವುದೇ ಬೇಡ.

ಕರೆಂಟಿನದ್ದು, ಬ್ಯಾಟರಿಯದ್ದು ಕೇಳುವವರಿಗೆ: ತೋಟದ ತುದಿಗೆ ವೈರ್ ಎಳೆಯುವುದು ಆಗದ ಮಾತು. ಅಂಗೈ ಉದ್ದದ ಬಾರ್ ಇರುವ ಪುಟ್ಟ ಬ್ಯಾಟರಿ ಗರಗಸ ನುಗ್ಗೆ, ನಿಂಬೆ ಸವರಲು ಸರಿ, ಅಷ್ಟೇ.

ಭರಣಿ ಮಳೆ ಹೊತ್ತಿಗೆ

ಒಣಗಿದ ಮರಗಳೆಲ್ಲ ನೆಲಕ್ಕೆ ಬಂದಿವೆ. ಗಟ್ಟಿ ಇದ್ದ ಕಾಂಡಗಳನ್ನು ತೊಲೆಗೆ ಅಂತ ಬೇರೆ ಇಟ್ಟಿದ್ದೇನೆ, ಮಿಕ್ಕದ್ದು ತುಂಡಾಗಿ ಇಟ್ಟಿಗೆ ಗೂಡಿನವರ ಟ್ರ್ಯಾಕ್ಟರ್ ಏರಿತು. ಬೊಡ್ಡೆಗಳನ್ನು ಬೇರು ಸಮೇತ ಕೀಳಲು ಜೆಸಿಬಿ ಬರಬೇಕು.

ಕೊಯ್ಯುವ ಜಾಗದಲ್ಲಿ ಮೊದಲು ಮಚ್ಚಿನಿಂದ ಸಿಪ್ಪೆ ಕೆರೆದು ಮಣ್ಣು ಬಿಡಿಸುತ್ತೇನೆ. ಟ್ಯಾಂಕ್ ಪೆಟ್ರೋಲ್ ಖಾಲಿಯಾದಾಗಲೆಲ್ಲ ಅರ. ಈ ಚೈನಿಗೆ 4.8 ಮಿ.ಮೀ.ನ ದುಂಡು ಅರ, 30 ಡಿಗ್ರಿ ಓರೆ, ಹಲ್ಲಿಗೆ ಎರಡು ಮೂರು ಎಳೆತ. ಹೊಟ್ಟು ಚಕ್ಕೆಚಕ್ಕೆಯಾಗಿ ಬೀಳುತ್ತಿದ್ದರೆ ಸರಿ. ಹಿಟ್ಟಾಗಿ ಬಿದ್ದರೆ ಹಲ್ಲು ಮೊಂಡಾಗಿದೆ ಅಂತಲೇ ಅರ್ಥ, ಒತ್ತಿ ಹಿಡಿದು ಪ್ರಯೋಜನವಿಲ್ಲ.

ಬಾರಿಗೆ ಗಾಡಿಯ ವೇಸ್ಟ್ ಆಯಿಲ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಪಂಪು ಬಾರು ಎರಡೂ ಸವೆಯುತ್ತವೆ. ನಾನು ಹಾಕುತ್ತಿಲ್ಲ. ಆಯಿಲ್ ಬರುತ್ತಿದೆಯಾ ತಿಳಿಯಲು ಬಾರಿನ ತುದಿಯನ್ನು ಒಣ ಬೊಡ್ಡೆಯ ಮೇಲೆ, ತಾಗದಂತೆ ಹಿಡಿದು ರೇಸ್ ಮಾಡಿ. ಸಣ್ಣ ಎಣ್ಣೆ ಗೆರೆ ಬೀಳಬೇಕು.

ಪೆಟ್ರೋಲ್ ವಿಷಯ ಸ್ವಲ್ಪ ತಲೆನೋವು. ಕಂಪನಿ ಆಯಿಲ್ ಆದರೆ ಲೀಟರಿಗೆ 20 ಎಂ.ಎಲ್., ಬೇರೆ ಒಳ್ಳೆ 2ಟಿ (ಟೂ-ಸ್ಟ್ರೋಕ್) ಆಯಿಲ್ ಆದರೆ 40 ಬೆರೆಸಬೇಕು. ಅದು ಸರಿ. ಆದರೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲೇ ಈಗ ಬಂಕುಗಳಲ್ಲಿ ಬರುತ್ತಿರುವುದು. ಕೈಯಲ್ಲಿ ಸೆಟ್ ಮಾಡುವ ಕಾರ್ಬೊರೇಟರ್ ಇದ್ದರೆ ಎಥನಾಲ್ ಶೇ. 10 ಮೀರಿದರೆ ತೊಂದರೆ ಆಗಬಹುದು ಅನ್ನುತ್ತದೆ ಮ್ಯಾನ್ಯುಯಲ್. ಎಥನಾಲ್ ನೀರು ಬೇರೆ ಎಳೆದುಕೊಳ್ಳುತ್ತದೆ. ಹಾಗಾಗಿ ಆ ದಿನಕ್ಕೆ ಬೇಕಾದಷ್ಟೇ ಕಲಸುವುದು, ಸಂಜೆ ಟ್ಯಾಂಕ್ ಬಗ್ಗಿಸಿ, ತಾನಾಗಿ ಆಫ್ ಆಗುವವರೆಗೆ ಓಡಿಸಿ ಇಡುವುದು.

ಮುಂದೆ

ಕೊಟ್ಟಿಗೆ ಪಕ್ಕದ ಹುಣಸೆ ಅರ್ಧ ಒಣಗಿದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗಿಗೆ ವಿನಾಯಿತಿ ಇದೆ, ಹುಣಸೆಗೆ ಇಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ. ಹುಣಸೆಯ ಚೇಗು ಬಹಳ ಗಟ್ಟಿ, ಇನ್ನೊಂದು ಚೈನ್ ತಂದಿಟ್ಟುಕೊಳ್ಳಬೇಕು. ಏಣಿ ಹತ್ತಿ ಮಿಷನ್ ಹಿಡಿಯುವ ಯೋಚನೆ ಮಾತ್ರ ಇಲ್ಲ. ಮೇಲಿನ ಕೊಂಬೆಗೆ ಮರ ಹತ್ತುವವರು ಬರುತ್ತಾರೆ, ನೆಲಕ್ಕೆ ಬಿದ್ದದ್ದನ್ನು ತುಂಡು ಮಾಡುವುದು ನನ್ನ ಪಾಲು.