ಗುಡುಗಿನ ಡಬ್ಬಿ: 83 ಚೀಟಿ ಆಯ್ತು

ಫೆಬ್ರವರಿಯಲ್ಲಿ ಶುರು ಮಾಡಿದ ಕೆಲಸ, ಈಗ ಆಗಸ್ಟ್. ಹಳೇ ಬಿಸ್ಕತ್ ಡಬ್ಬಿಯಲ್ಲಿ 83 ಚೀಟಿಗಳಿವೆ. ಚೀಟಿಯ ಒಂದು ಮಗ್ಗುಲಲ್ಲಿ ಗಾಳಿ, ಮಳೆ, ಗುಡುಗಿನ ಒಂದು ಇಂಗ್ಲಿಷ್ ಪದ ಅಥವಾ ನುಡಿಗಟ್ಟು. ಇನ್ನೊಂದು ಮಗ್ಗುಲಲ್ಲಿ ಅದನ್ನೇ ಸ್ಲೊವಾಕ್ ಜನ ಹೇಗೆ ಹೇಳುತ್ತಾರೋ ಅದು. ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನಿರುವುದು ಪೂರ್ವ ಸ್ಲೊವಾಕಿಯಾದ ಕೊಶಿತ್ಸೆ ಊರಿನಲ್ಲಿ. ಆಫೀಸಿನಲ್ಲಿ ಬೆಳಗಿಂದ ಸಂಜೆವರೆಗೆ ಇಂಗ್ಲಿಷೇ ನಡೆಯುತ್ತದೆ. ಹಾಗಾಗಿ ಬಂದು ಎರಡು ವರ್ಷವಾದರೂ ಸ್ಲೊವಾಕ್ ನಾಲಿಗೆಗೆ ಹತ್ತಿರಲಿಲ್ಲ. ಹೋದ ವರ್ಷ ಜುಲೈನಲ್ಲಿ ಒಂದು ಸಂಜೆ ಫೋನಿಗೆ ಹವಾಮಾನದ ಎಚ್ಚರಿಕೆ ಬಂತು. ಇಲ್ಲಿನ ಹವಾಮಾನ ಸಂಸ್ಥೆ ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಹಂತದಲ್ಲಿ ಎಚ್ಚರಿಕೆ ಕೊಡುತ್ತದೆ. ಅವತ್ತು ಕಿತ್ತಳೆ ಬಣ್ಣ ಇತ್ತು. ಕೆಳಗೆ ಬರೆದಿದ್ದ ಪದಗಳಲ್ಲಿ ಒಂದೂ ಅರ್ಥವಾಗಲಿಲ್ಲ. ಬಣ್ಣ ನೋಡಿ ಛತ್ರಿ ಹಿಡಿದು ಹೊರಟೆ. ಬಸ್ ಸ್ಟಾಪ್ ಮುಟ್ಟುವ ಮುಂಚೆ ಅಡಿಕೆ ಗಾತ್ರದ ಆಲಿಕಲ್ಲು ಬಿತ್ತು. ಛತ್ರಿಯ ಕಡ್ಡಿ ಮೂರು ಮುರಿದವು, ಕೈ ಮೇಲೆ ಬಾವು ಬಂತು. ಆಮೇಲೆ ಆ ಎಚ್ಚರಿಕೆಯನ್ನು ಮತ್ತೆ ತೆಗೆದು ನೋಡಿದೆ. 'ಕ್ರೂಪಿ' ಅಂತ ಸ್ಪಷ್ಟವಾಗಿ ಬರೆದಿತ್ತು. ಕ್ರೂಪಿ ಅಂದರೆ ಆಲಿಕಲ್ಲು.

ಇದೇ ಕ್ರೂಪಿ ಅಂಗಡಿಯಲ್ಲೂ ಸಿಗುತ್ತದೆ. ಹೊಟ್ಟು ತೆಗೆದ ಬಾರ್ಲಿ ಕಾಳಿಗೂ ಅದೇ ಹೆಸರು, ಸೂಪಿಗೆ ಹಾಕುತ್ತಾರೆ. ಬೆಳ್ಳಗೆ, ಗುಂಡಗೆ ಇರುವ ಆ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಆ ಪದ ಮರೆತೇ ಹೋಗಲಿಲ್ಲ. ಆಲಿಕಲ್ಲು ಮಳೆಗೆ 'ಕ್ರುಪೊಬಿತಿಯೆ' ಅನ್ನುತ್ತಾರೆ. ಅಂದರೆ ಕಾಳಿನ ಹೊಡೆತ. ಒಂದು ಚೀಟಿ ಬರೆದರೆ ಎರಡು ಪದ ಬರುತ್ತವೆ ಅಂತ ಆಗ ಗೊತ್ತಾಯಿತು.

ಆದರೂ ಡಬ್ಬಿ ನಿಜವಾಗಿ ಶುರುವಾಗಿದ್ದು ಈ ವರ್ಷ ಫೆಬ್ರವರಿ 2ರಂದು. ನಮ್ಮ ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಅವರನ್ನು ನಾನು 'ತ್ಯೆತಾ' ಅಂತ ಕರೆಯುತ್ತೇನೆ, ನಾವು ಅತ್ತೆ ಅನ್ನುವ ಹಾಗೆ. ಅವತ್ತು ಚರ್ಚಿನಿಂದ ಬರುವಾಗ ಅವರ ಕೈಯಲ್ಲಿ ಬಿಳಿ ಮೇಣದ ಬತ್ತಿ ಇತ್ತು. ಇವತ್ತು 'ಹ್ರೊಮ್ನಿತ್ಸೆ' ಹಬ್ಬ, ಇದು 'ಹ್ರೊಮ್ನಿಚ್ಕಾ' ಅಂದರು. ಹ್ರೊಮ್ ಅಂದರೆ ಗುಡುಗು. ಚರ್ಚಿನಲ್ಲಿ ಮಂತ್ರಿಸಿದ ಈ ಬತ್ತಿಯನ್ನು ಬೇಸಿಗೆಯಲ್ಲಿ ಗುಡುಗುವಾಗ ಕಿಟಕಿಯಲ್ಲಿ ಹಚ್ಚಿಟ್ಟರೆ ಮನೆಗೆ ಸಿಡಿಲು ಹೊಡೆಯುವುದಿಲ್ಲ ಅನ್ನುವುದು ಹಳೇ ನಂಬಿಕೆ. ಮೈನಸ್ ಎಂಟು ಡಿಗ್ರಿ ಚಳಿಯಲ್ಲಿ ನಿಂತು ಗುಡುಗಿನ ಬಗ್ಗೆ ಮಾತಾಡಿದೆವು. ಮೇಲೆ ಬಂದವನೇ ಮೊದಲ ಚೀಟಿಯಲ್ಲಿ 'ಹ್ರೊಮ್' ಅಂತ ಬರೆದೆ.

ಆ ಮೊದಲ ಚೀಟಿಯೇ ಕೈಕೊಟ್ಟಿತು. ಇಂಗ್ಲಿಷ್ ಮಗ್ಗುಲಲ್ಲಿ 'ಥಂಡರ್' ಅಂತ ಬರೆದಿದ್ದೆ. ಇಂಗ್ಲಿಷಿನಲ್ಲಿ ಥಂಡರ್ ಬರೀ ಸದ್ದು. ಮರಕ್ಕೆ ಹೊಡೆಯುವುದು ಲೈಟ್ನಿಂಗ್. ತ್ಯೆತಾ ಹೇಳುವುದು 'ಹ್ರೊಮ್ ಉದ್ರೆಲ್ ದೊ ಸ್ತ್ರೊಮು' ಅಂತ. ಮರಕ್ಕೆ ಹ್ರೊಮ್ ಹೊಡೆಯಿತು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ನಮ್ಮಲ್ಲಿ ಮಿಂಚು, ಗುಡುಗು, ಸಿಡಿಲು ಅಂತ ಮೂರು ಪದ ಇವೆಯಲ್ವಾ? ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ಮೇಲೆ ಬೀಳುವುದು ಸಿಡಿಲು. ಸ್ಲೊವಾಕಿನ ಹ್ರೊಮ್ ಒಳಗೆ ಗುಡುಗೂ ಇದೆ, ಸಿಡಿಲೂ ಇದೆ. ಮಿಂಚಿಗೆ 'ಬ್ಲೆಸ್ಕ್'. ಕ್ಯಾಮೆರಾದ ಫ್ಲಾಶ್‌ಗೂ ಬ್ಲೆಸ್ಕ್ ಅಂತಲೇ ಹೇಳುತ್ತಾರೆ. ಸಿಟ್ಟು ಬಂದಾಗ 'ದೊ ಹ್ರೊಮಾ!' ಅನ್ನುತ್ತಾರೆ. ನಮ್ಮ ಊರಿನ ಕಡೆ 'ಸಿಡಿಲು ಬಡಿಯ' ಅಂತ ಬೈಯುವ ಧಾಟಿಯೇ, ಸ್ವಲ್ಪ ಮೆತ್ತಗೆ. 'ದೊ ಪರೊಮಾ!' ಅಂತಲೂ ಇದೆ. ಪರೊಮ್ ಅಂದರೆ ಹಳೇ ಸ್ಲಾವ್ ಜನರ ಗುಡುಗಿನ ದೇವರು ಪೆರುನ್. ದೇವರನ್ನು ಪೂಜಿಸುವವರು ಹೋದರು, ಬೈಗುಳದಲ್ಲಿ ಹೆಸರು ಉಳಿಯಿತು.

ಅಂದಿನಿಂದ ಚೀಟಿಯ ಕೆಳಗೆ ಮೂರನೇ ಸಾಲು ಸೇರಿಸಿದೆ, ಕನ್ನಡದ್ದು. ಕೆಲಸ ನಿಜವಾಗಿ ಓಡಿದ್ದು ಆಮೇಲೆ.

ಈಗ ಅಕ್ಷರದ ವಿಷಯ. 'ಗುಡುಗುತ್ತಿದೆ' ಅನ್ನಲು ಸ್ಲೊವಾಕಿನಲ್ಲಿ ಒಂದೇ ಪದ ಸಾಕು. ಅದನ್ನು ನಾನು ಮೊದಲು 'ಹರ್ಮೀ' ಅಂತ ಬರೆದುಕೊಂಡು ಹಾಗೇ ಹೇಳುತ್ತಿದ್ದೆ. ತ್ಯೆತಾಗೆ ಅರ್ಥವಾಗುತ್ತಿರಲಿಲ್ಲ. ಅವರು ಹೇಳುವಾಗ ಹಕಾರಕ್ಕೂ ರಕಾರಕ್ಕೂ ನಡುವೆ ಯಾವ ಸ್ವರವೂ ಇಲ್ಲ. ರಕಾರವೇ ಸ್ವರದ ಕೆಲಸ ಮಾಡುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಹತ್ತು ಸಲ ಕೇಳಿದೆ. ಕೊನೆಗೆ ಗೊತ್ತಾಯಿತು, ಇದು ನಮ್ಮ ಋ! ನಾವು ಈಗ ಅದನ್ನು 'ರು' ಅಂತ ಉಚ್ಚರಿಸುತ್ತೇವೆ, ಆದರೆ ಆ ಅಕ್ಷರ ಹುಟ್ಟಿದ್ದೇ ಈ ಸದ್ದಿಗೆ. ಹಾಗಾಗಿ 'ಹೃಮೀ' ಅಂತ ಬರೆದೆ. ಸುಂಟರಗಾಳಿಗೆ 'ಸ್ಮೃಶ್ತ್ಯ್'. ಗುಡುಗು ಮಳೆಗೆ ಇನ್ನೊಂದು ಹೆಸರು 'ಹೃಮವಿತ್ಸಾ'. ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ಎದೆ ಹೊಡೆದುಕೊಳ್ಳುವ ಪದಗಳು ಕನ್ನಡದಲ್ಲಿ ಸಲೀಸಾಗಿ ಕೂತವು.

ಇನ್ನೂ ಖುಷಿ ಕೊಟ್ಟಿದ್ದು ೠ. ಒಂದನೇ ಕ್ಲಾಸಿನಲ್ಲಿ ಋ ೠ ಅಂತ ರಾಗವಾಗಿ ಹೇಳಿದ್ದು ಬಿಟ್ಟರೆ ಆ ದೀರ್ಘ ಅಕ್ಷರವನ್ನು ನಾನು ಒಂದು ದಿನವೂ ಬಳಸಿದವನಲ್ಲ. ಸ್ಲೊವಾಕಿನಲ್ಲಿ ಅದು ದಿನಬಳಕೆಯಲ್ಲಿದೆ. ಗಾಳಿಗೆ ಬಾಗಿಲು ಕಿರ್ ಅನ್ನುವುದಕ್ಕೆ 'ವೄಜ಼್ಗತ್ಯ್' ಅನ್ನುತ್ತಾರೆ. ರಕಾರವನ್ನು ಎಳೆದು ಹೇಳಬೇಕು, ಹೇಳಿದರೆ ಬಾಗಿಲೇ ಕಿರುಗುಟ್ಟಿದ ಹಾಗೆ ಕೇಳುತ್ತದೆ. ಆ ಚೀಟಿಯನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ಇನ್ನೊಂದು ಗಮನಿಸಿದೆ. ಇಂಗ್ಲಿಷಿನಲ್ಲಿ ಮಳೆ ಬರಬೇಕಾದರೂ ಗುಡುಗಬೇಕಾದರೂ ಮುಂದೆ ಒಂದು 'ಇಟ್' ಬೇಕು. ಸ್ಲೊವಾಕಿನಲ್ಲಿ ಬೇಡ. 'ಹೃಮೀ' ಅಂದರೆ ಮುಗಿಯಿತು, ನಾವು 'ಗುಡುಗ್ತಿದೆ' ಅಂದ ಹಾಗೆ. ಮಿಂಚುತ್ತಿದೆ ಅನ್ನಲು 'ಬ್ಲೀಸ್ಕ ಸ'. ಇವರ ರಾಷ್ಟ್ರಗೀತೆಯ ಮೊದಲ ಸಾಲೇ ತಾತ್ರಾ ಬೆಟ್ಟದ ಮೇಲೆ ಮಿಂಚುತ್ತಿದೆ ಅಂತ ಶುರುವಾಗುತ್ತದೆ, ಹಿಂದೆಯೇ ಗುಡುಗು. ಅದನ್ನು ಬರೆದವರು ಯಾಂಕೊ ಮಾತೂಶ್ಕಾ, 1844ರಲ್ಲಿ. ಆಗ ಅವರು ಈಗಿನ ಬ್ರಾಟಿಸ್ಲಾವಾದಲ್ಲಿ ವಿದ್ಯಾರ್ಥಿ. ಮೇಷ್ಟ್ರು ಲ್ಯುದೊವೀತ್ ಶ್ತೂರ್ ಅವರನ್ನು ತೆಗೆದುಹಾಕಿದ್ದಕ್ಕೆ ಸಿಟ್ಟಾಗಿ ಹುಡುಗರು ಶಾಲೆ ಬಿಟ್ಟು ಲೆವೊಚಾ ಊರಿಗೆ ಹೊರಟರು. ಆ ಹೊತ್ತಿನ ಹಾಡು ಅದು. ಬಾವಿ ತೋಡುವ ಹುಡುಗಿಯ ಬಗ್ಗೆ ಇದ್ದ ಜಾನಪದ ಹಾಡಿನ ಧಾಟಿಗೆ ಪದ ಕೂರಿಸಿದರು. ಕ್ರಿಯಾಪದ ಕಲಿಯಲು ಹೋದವನಿಗೆ ಇಡೀ ನಾಡಿನ ಹಾಡು ಸಿಕ್ಕಿತು.

ನುಡಿಗಟ್ಟುಗಳಿಗೆ ಬರುತ್ತೇನೆ, ಸಮಯ ಜಾಸ್ತಿ ತಿಂದದ್ದು ಅವೇ. ಇಂಗ್ಲಿಷರ ಬಿರುಗಾಳಿ ಮಾತುಗಳಲ್ಲಿ ಎಷ್ಟೋ ಹಡಗಿನಿಂದ ಬಂದವು. ಸ್ಲೊವಾಕಿಯಾಕ್ಕೆ ಸಮುದ್ರವೇ ಇಲ್ಲ. ಅದಕ್ಕೇ ಪದಕ್ಕೆ ಪದ ಇಟ್ಟರೆ ಕೆಲಸ ಆಗುವುದಿಲ್ಲ. 'ವೆದರ್ ದ ಸ್ಟಾರ್ಮ್' ಅಂದರೆ ಹಡಗು ಬಿರುಗಾಳಿಯನ್ನು ಎದುರಿಸಿ ದಾಟುವುದು. ಸ್ಲೊವಾಕಿನಲ್ಲಿ 'ಪ್ರೆಚ್ಕತ್ಯ್ ಬೂರ್ಕು'. ಅದರಲ್ಲಿ ಕಾಯುವ ಅರ್ಥ ಇದೆ. ಬೆಟ್ಟದವರು ಬಿರುಗಾಳಿ ಹೋಗುವ ತನಕ ಸೂರಿನ ಕೆಳಗೆ ಕಾಯುತ್ತಾರೆ. 'ಎನಿ ಪೋರ್ಟ್ ಇನ್ ಎ ಸ್ಟಾರ್ಮ್' ಅಂದರೆ ಬಿರುಗಾಳಿಯಲ್ಲಿ ಯಾವ ಬಂದರು ಸಿಕ್ಕರೂ ಸರಿ ಅಂತ. ಅದಕ್ಕೆ ಹಡಗಿನ ಬಂದರೇ ಇಲ್ಲದವರು ಏನು ಹೇಳಬೇಕು? 'ಕಷ್ಟ ಬಂದಾಗ ದೆವ್ವವೂ ನೊಣ ತಿನ್ನುತ್ತೆ' ಅನ್ನುತ್ತಾರೆ. ಇನ್ನೊಂದು, ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ ಅಂತ. ಅದು ನಮ್ಮಲ್ಲಿ ಹಾಗೆ ಹಾಗೇ ಇದೆ. ಚೀಟಿಯಲ್ಲಿ ಎರಡನ್ನೂ ಬರೆದೆ, ದೆವ್ವದ್ದಕ್ಕೆ ಕೆಂಪು ಗೆರೆ ಎಳೆದೆ. ತುಂಬಾ ಇಷ್ಟವಾಯಿತು.

'ಸ್ಟಾರ್ಮ್ ಇನ್ ಎ ಟೀಕಪ್' ಇಲ್ಲಿ ಟೀ ಕಪ್ಪಿನಲ್ಲಿ ಏಳುವುದಿಲ್ಲ, ನೀರಿನ ಲೋಟದಲ್ಲಿ ಏಳುತ್ತದೆ: 'ಬೂರ್ಕಾ ಫ್ ಪೊಹಾರಿ ವೊದಿ'. ನಾನು ಕಪ್ಪನ್ನೇ ಇಟ್ಟು ಆಫೀಸಿನಲ್ಲಿ ಹೇಳಿದಾಗ ಸಹೋದ್ಯೋಗಿ ತಿದ್ದಿದರು, ಜೊತೆಗೆ ಇನ್ನೊಂದು ಗಾದೆ ಕೊಟ್ಟರು. ಕೊಮಾರನನ್ನು ಸೊಮಾರ ಮಾಡುವುದು, ಅಂದರೆ ಸೊಳ್ಳೆಯನ್ನು ಕತ್ತೆ ಮಾಡುವುದು. ಕಡ್ಡಿನ ಗುಡ್ಡ ಮಾಡೋದು ಅಂತೀವಲ್ಲ, ಅದೇ. ಪ್ರಾಸವೂ ಹಾಗೇ ಕೂತಿದೆ.

'ಸ್ಟೀಲ್ ಯುವರ್ ಥಂಡರ್', ಅಂದರೆ ಇನ್ನೊಬ್ಬರಿಗೆ ಸಿಗಬೇಕಾದ ಹೊಗಳಿಕೆಯನ್ನು ತಾನು ಹೊಡೆದುಕೊಳ್ಳುವುದು. ಈ ಚೀಟಿ ಮೂರು ವಾರ ಖಾಲಿ ಇತ್ತು. ಇದರ ಹಿಂದೆ ಲಂಡನ್ನಿನ ಕಥೆ ಇದೆ. 1709ರಲ್ಲಿ ಜಾನ್ ಡೆನ್ನಿಸ್ ಎಂಬ ನಾಟಕಕಾರ ಡ್ರೂರಿ ಲೇನ್ ರಂಗಮಂದಿರದಲ್ಲಿ ತನ್ನ ನಾಟಕಕ್ಕೆ ಗುಡುಗಿನ ಸದ್ದು ಮಾಡುವ ಹೊಸ ವಿಧಾನ ತಂದ. ನಾಟಕ ಬಿತ್ತು. ಸ್ವಲ್ಪ ದಿನಕ್ಕೆ ಅದೇ ರಂಗದಲ್ಲಿ ಬೇರೆ ನಾಟಕಕ್ಕೆ ತನ್ನದೇ ಗುಡುಗು ಕೇಳಿ, ನನ್ನ ಗುಡುಗು ಕದ್ದರು ಅಂತ ಕೂಗಿದನಂತೆ. ಸ್ಲೊವಾಕಿನಲ್ಲಿ ಯಾರೂ ಗುಡುಗು ಕದಿಯುವುದಿಲ್ಲ. 'ವಿಫೂಕ್ನುತ್ಯ್' ಅನ್ನುತ್ತಾರೆ, ಮೂಗಿನ ಮುಂದಿನಿಂದ ಊದಿ ಹಾರಿಸಿಕೊಂಡು ಹೋಗುವುದು. ಪೂರ್ತಿ ಅದೇ ಅರ್ಥವಲ್ಲ, ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ನಾನು ತಪ್ಪು ತಿಳಿದುಕೊಂಡು ಹೆದರಿದ ಪದವೂ ಒಂದಿದೆ. ಫೆಬ್ರವರಿ ಕೊನೆಗೆ ಒಂದು ರಾತ್ರಿ ಜೋರು ಹಿಮ ಬಿತ್ತು. ಬೆಳಿಗ್ಗೆ ರೇಡಿಯೋದಲ್ಲಿ 'ಕಲಮಿತಾ, ಕಲಮಿತಾ' ಅನ್ನುತ್ತಿದ್ದರು. ಇಂಗ್ಲಿಷಿನ ಕೆಲಾಮಿಟಿ ಅಂದುಕೊಂಡೆ, ಯಾರೋ ಸತ್ತಿದ್ದಾರೆ ಅಂತ ಗಾಬರಿಯಾಗಿ ಸಹೋದ್ಯೋಗಿಗೆ ಫೋನ್ ಮಾಡಿದೆ. ಬಸ್ ಲೇಟು, ಅಷ್ಟೇ ಅಂದರು. ರಸ್ತೆ ಮುಚ್ಚುವಷ್ಟು ಹಿಮ ಬಿದ್ದರೂ ಇಲ್ಲಿ ಕಲಮಿತಾ. ಗಾಳಿಗೆ ಕಾಡು ಮಲಗಿದರೂ ಕಲಮಿತಾ. ಆ ಎರಡನೇ ಅರ್ಥ ಏನು ಅಂತ ಕಣ್ಣಾರೆ ನೋಡಲು ಮೇ ತಿಂಗಳಲ್ಲಿ ತಾತ್ರಾ ಬೆಟ್ಟಕ್ಕೆ ಹೋದೆ.

2004ರ ನವೆಂಬರ್ 19, ಶುಕ್ರವಾರ. ಬೆಟ್ಟದ ನೆತ್ತಿಯಿಂದ ದಕ್ಷಿಣದ ಇಳಿಜಾರಿಗೆ ತಣ್ಣನೆ ಗಾಳಿ ನುಗ್ಗಿತು. ಇದಕ್ಕೆ 'ಬೋರಾ' ಅನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಸುಮಾರು 12,000 ಹೆಕ್ಟೇರ್ ಕಾಡು ನೆಲಕ್ಕೆ ಬಿತ್ತು. ಅಲ್ಲಿದ್ದದ್ದು ಹೆಚ್ಚಾಗಿ ಸ್ಪ್ರೂಸ್ ಮರಗಳು. ಅವುಗಳ ಬೇರು ಆಳಕ್ಕೆ ಹೋಗುವುದಿಲ್ಲ, ತಟ್ಟೆಯ ಹಾಗೆ ಮೇಲೇ ಹರಡುತ್ತದೆ. ಪೊಪ್ರಾದ್‌ನಿಂದ ಬೆಟ್ಟದ ಬುಡಕ್ಕೆ ಹೋಗುವ ಪುಟ್ಟ ಎಲೆಕ್ಟ್ರಿಕ್ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ದೊಡ್ಡ ಕಾಡು ಇದ್ದಕ್ಕಿದ್ದ ಹಾಗೆ ನಿಂತು, ಎಳೇ ಮರಗಳ ಬಯಲು ಶುರುವಾಯಿತು. ಅವುಗಳ ಆಚೆ ಬೆಟ್ಟ ನೆತ್ತಿಯಿಂದ ಬುಡದವರೆಗೆ ಕಾಣುತ್ತಿತ್ತು. ಎದುರು ಕೂತಿದ್ದ ಹೆಂಗಸು ಕೈ ತೋರಿಸಿ 'ಕಲಮಿತಾ' ಅಂದರು, ಬೇರೆ ಏನೂ ಹೇಳಲಿಲ್ಲ. ಆ ಚೀಟಿಯಿಂದ ಇಂಗ್ಲಿಷ್ ಪದವನ್ನು ಹೊಡೆದು ಹಾಕಿದೆ.

ಜೂನ್‌ನಲ್ಲಿ ಒಂದು ಮಧ್ಯಾಹ್ನ ಆಕಾಶ ಕಪ್ಪಾಯಿತು. ಎಲೆ ಅಲುಗದಷ್ಟು ಸುಮ್ಮನಿತ್ತು. 'ತಿಖೊ ಪ್ರೆದ್ ಬೂರ್ಕೊಉ', ಬಿರುಗಾಳಿ ಮುಂಚಿನ ಮೌನ. ಈ ಒಂದು ಮಾತು ಇಂಗ್ಲಿಷಿಗೂ ಸ್ಲೊವಾಕಿಗೂ ಒಂದೇ. ಕೆಳಗೆ ಇಳಿದು ಹೋದೆ. ತ್ಯೆತಾ ಹ್ರೊಮ್ನಿಚ್ಕಾ ಹಚ್ಚಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದರು. ತಟ್ಟೆಗೆ ಮೇಣ ಇಳಿಯುತ್ತಿತ್ತು. ಮಳೆ ಶುರುವಾದಾಗ 'ಲ್ಯೆಯೆ ಅಕೊ ಸ್ ಕೃಹ್ಲಿ' ಅಂದರು. ಲ್ಯೆಯೆ ಅಂದರೆ ಸುರಿಯುತ್ತಿದೆ ಅಂತ ಗೊತ್ತಿತ್ತು.

"ಕೃಹ್ಲಾ ಅಂದರೇನು ತ್ಯೆತಾ?"

"ಇದು ಗೊತ್ತಿಲ್ವಾ ಮಗಾ?" ಅಂತ ಬಾಲ್ಕನಿ ಬಾಗಿಲ ಹಿಂದಿನಿಂದ ಹಸಿರು ಪ್ಲಾಸ್ಟಿಕ್ಕಿನ ಗಿಡಕ್ಕೆ ನೀರು ಹಾಕುವ ಕ್ಯಾನ್ ತಂದರು. ಜಿರೇನಿಯಂ ಕುಂಡದ ಮೇಲೆ ಹಿಡಿದು ಬಗ್ಗಿಸಿ ತೋರಿಸಿದರು. ಮೂತಿಯ ತೂತುಗಳಿಂದ ನೀರು ಸುರಿಯಿತು, ಹೊರಗೂ ಹಾಗೇ ಸುರಿಯುತ್ತಿತ್ತು. ಜೋರು ಮಳೆ ಬಂದರೆ ಇಂಗ್ಲಿಷರು ನಾಯಿ ಬೆಕ್ಕು ಸುರಿಯುತ್ತಿವೆ ಅನ್ನುತ್ತಾರೆ, ಇಲ್ಲಿ ಅದಕ್ಕೆ ಈ ಕ್ಯಾನ್. ಚೀಟಿ ಸಂಖ್ಯೆ 61.

ಬಾಕಿ ಉಳಿದದ್ದು ಹಿಮಗಾಳಿ. 'ಬ್ಲಿಝರ್ಡ್' ಅನ್ನುವ ಒಂದೇ ಪದಕ್ಕೆ ನಿಘಂಟು 'ಫುಯವಿತ್ಸಾ', 'ಮೆತೆಲಿತ್ಸಾ', 'ಖುಮೆಲಿತ್ಸಾ' ಅಂತ ಮೂರು ಕೊಡುತ್ತದೆ. ವ್ಯತ್ಯಾಸ ಏನು ಅಂತ ಹೋದ ವಾರ ತ್ಯೆತಾರನ್ನು ಕೇಳಿದೆ. ಕೈಯಲ್ಲಿ ಒಂದು ಥರ ಸುತ್ತಿಸಿ ತೋರಿಸಿದರು, ಇನ್ನೊಂದು ಥರ ಬೀಸಿ ತೋರಿಸಿದರು, ಆಮೇಲೆ ತಲೆ ಅಲ್ಲಾಡಿಸಿದರು. ಬಾಯಲ್ಲಿ ಹೇಳೋಕಾಗಲ್ಲ, ಹಿಮ ಬೀಳಲಿ, ಕಿಟಕಿ ಹತ್ತಿರ ನಿಂತು ತೋರಿಸ್ತೀನಿ ಅಂದರು. ಮೂರು ಚೀಟಿ ಡಿಸೆಂಬರ್‌ವರೆಗೆ ಖಾಲಿ ಇರಲಿ.