ಪೂರ್ಣಯ್ಯ ನಾಲೆಯ ಹಾಳೆ

ನಮ್ಮ ಬ್ಯಾಚಿಗೆ ಇದ್ದದ್ದು ಒಂದೇ ಅಳತೆ ಟೇಪು. 30 ಮೀಟರಿನದು. ತುದಿ ಕಿತ್ತುಹೋಗಿ ಮೊದಲ ಗೇಣಿನಷ್ಟು ಇರಲೇ ಇಲ್ಲ. ಹಾಗಾಗಿ 1 ಮೀಟರಿನ ಗೆರೆಯನ್ನು ಗೋಡೆಗೆ ಒತ್ತಿ ಹಿಡಿದು, ಬಂದ ಅಳತೆಯಲ್ಲಿ ಒಂದು ಕಳೆಯುತ್ತಿದ್ದೆವು. ಆ ತುದಿ ಹಿಡಿಯುವ ಕೆಲಸ ನನ್ನದು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ನಗರ ಯೋಜನೆ ಓದಿದ ಎರಡು ವರ್ಷ ನೆನಪಾದಾಗೆಲ್ಲ ಮೊದಲು ಆ ಟೇಪೇ ಕೈಗೆ ಬಂದ ಹಾಗಾಗುತ್ತದೆ.

ನಾನು ಸೇರಿದ್ದು 2003ರಲ್ಲಿ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಒಂದು ವರ್ಷ ಕಟ್ಟಡದ ಕೆಲಸ ಮಾಡಿಸಿ ಬಂದಿದ್ದೆ. ರಸ್ತೆ ಅಂದರೆ ನನಗೆ ಜಲ್ಲಿ, ಡಾಂಬರು, ಎರಡು ಬದಿಯ ಚರಂಡಿ. ಆರ್ಕಿಟೆಕ್ಚರ್ ಓದಿ ಬಂದ ಗೆಳೆಯರು ಕೈಯಲ್ಲೇ ಬೀದಿ ಬಿಡಿಸುತ್ತಿದ್ದರು. ಜಗುಲಿ, ನೆರಳು, ಮರ, ಮರದ ಕೆಳಗೆ ಕೂತವರು ಎಲ್ಲ ಅದರಲ್ಲಿ ಇರುತ್ತಿತ್ತು. ಅವರ ಹಾಳೆಯನ್ನು ಆಸೆಯಿಂದ ನೋಡುತ್ತಾ ನಿಲ್ಲುತ್ತಿದ್ದೆ.

ಸ್ಟುಡಿಯೋ ಅಂದರೆ ಒಂದು ನಿಜವಾದ ಜಾಗವನ್ನು ಅಳೆದು ನಕ್ಷೆ, ಯೋಜನೆ ಮಾಡುವ ತರಗತಿ. ಮೊದಲ ಸ್ಟುಡಿಯೋಗೆ ನಮಗೆ ಸಿಕ್ಕಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಕೆಲವು ಬೀದಿಗಳು. ಮನೆ ಎಷ್ಟು ಅಂತಸ್ತು, ಏನಕ್ಕೆ ಬಳಸುತ್ತಾರೆ, ನಲ್ಲಿ ನೀರು ಎಷ್ಟು ಹೊತ್ತು ಬರುತ್ತೆ ಅಂತ ಮನೆ ಮನೆಗೆ ಹೋಗಿ ಬರೆದುಕೊಂಡು ಬಂದೆವು. ಆಮೇಲೆ ನಕ್ಷೆಗೆ ಬಣ್ಣ ತುಂಬಬೇಕು. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆಗೆ ಕೆಂಪು, ಪಾರ್ಕಿಗೆ ಹಸಿರು. ಆ ಬೀದಿಗಳಲ್ಲಿ ಈ ಬಣ್ಣಗಳು ನಿಲ್ಲಲಿಲ್ಲ. ಮುಂದೆ ಅಂಗಡಿ, ಮೇಲೆ ಮನೆ, ಹಿಂದಿನ ಹಜಾರದಲ್ಲಿ ಊದಿನಕಡ್ಡಿ ಹೊಸೆಯುವವರು. ಒಂದೇ ಮನೆಗೆ ಮೂರು ಬಣ್ಣ.

ಗಲ್ಲಿಗಳಲ್ಲಿ ಗಾಡಿ ಹೋಗಲ್ಲ, ಆಂಬುಲೆನ್ಸ್ ಬರಲ್ಲ. ಹಾಗಾಗಿ ನಾನು ಮಧ್ಯಕ್ಕೆ 12 ಮೀಟರಿನ ಒಂದು ರಸ್ತೆ ಎಳೆದೆ. ನೇರವಾಗಿ, ಚೆಂದವಾಗಿ ಬಂದಿತ್ತು. ಮೇಷ್ಟ್ರು ಹಾಳೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ತಪ್ಪು ಅಂತ ಹೇಳಲಿಲ್ಲ. "ಈ ಗೆರೆ ಯಾರ್‌ಯಾರ ಮನೆ ಮೇಲೆ ಬಿತ್ತು, ಹೋಗಿ ನೋಡ್ಕೊಂಡು ಬಾ" ಅಂದರು.

ಮರುದಿನ ಹೋದೆ. ಗೆರೆ ಬಿದ್ದ ಮೊದಲ ಮನೆಯ ಬಾಗಿಲಲ್ಲಿ ಒಬ್ಬ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಗೋಡೆಗೆ ಟೇಪು ಇಡುತ್ತಿದ್ದ ಹಾಗೆ ಅವರ ಕೈ ನಿಂತಿತು.

"ಏನಪ್ಪಾ, ಮನೆ ಒಡೀತಾರಾ?"

"ಇಲ್ಲ ಅಜ್ಜಿ, ನಾವು ಓದೋ ಹುಡುಗರು. ಸುಮ್ನೆ ಅಳೀತಿದ್ದೀವಿ."

"ಸುಮ್ನೆ ಯಾರಪ್ಪಾ ಅಳೀತಾರೆ?"

ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಒಳಗೆ ಕರೆದು ನೀರು ಕೊಟ್ಟರು. ಅಡುಗೆಮನೆ, ಅದರ ಹಿಂದೆ ಬಚ್ಚಲು, ಹಂಡೆ ಒಲೆ, ಗೋಡೆಗೆ ಒರಗಿಸಿದ ತೊಟ್ಟಿಲು. ನನ್ನ ಹಾಳೆಯಲ್ಲಿ ರಸ್ತೆಯ ನಟ್ಟನಡುವಿನ ಗೆರೆ ಆ ಒಲೆಯ ಮೇಲೆ ಹಾದುಹೋಗಿತ್ತು. ವಾಪಸ್ ಬಂದು ಅದನ್ನು ಅಳಿಸಿದೆ. ಟ್ರೇಸಿಂಗ್ ಹಾಳೆಯ ಮೇಲಿನ ಇಂಕನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು, ಓದಿದವರಿಗೆ ಗೊತ್ತು. ಕೆರೆದ ಜಾಗ ಬೆಳ್ಳಗೆ ಒರಟಾಗಿ ಉಳಿಯಿತು.

ಆ ವಾರವೇ ಮೇಷ್ಟ್ರು ತರಗತಿಯಲ್ಲಿ ಪ್ಯಾಟ್ರಿಕ್ ಗೆಡ್ಡೀಸ್ ಬಗ್ಗೆ ಹೇಳಿದರು. ಸ್ಕಾಟ್ಲೆಂಡಿನವರು, ಮೂಲದಲ್ಲಿ ಜೀವಶಾಸ್ತ್ರ ಓದಿದವರು. 1914ರಲ್ಲಿ ಭಾರತಕ್ಕೆ ಬಂದು ಊರೂರು ನಡೆದು ವರದಿ ಬರೆದರು. ತಂಜಾವೂರಿನ ಒಂದು ಹಳೆಯ ಕೇರಿಗೆ ಅಧಿಕಾರಿಗಳು ನೇರ ರಸ್ತೆಗಳ ಯೋಜನೆ ಹಾಕಿದ್ದರು. ಅದಕ್ಕೆ 30,000 ರೂಪಾಯಿ ಅಂದಾಜು. ಗೆಡ್ಡೀಸ್ ಅದೇ ಕೇರಿಯನ್ನು ಮನೆ ಮನೆಯಾಗಿ ನೋಡಿದರು. ಬಿದ್ದುಹೋದ ಕೆಲವು ಮನೆಗಳನ್ನು ಮಾತ್ರ ತೆಗೆದು, ಇದ್ದ ಗಲ್ಲಿಗಳನ್ನೇ ಜೋಡಿಸಿ, ಗಾಳಿ ಬೆಳಕಿಗೆ ಅಲ್ಲಲ್ಲಿ ಬಯಲು ಬಿಟ್ಟರೆ 5,000ಕ್ಕೆ ಮುಗಿಯುತ್ತೆ ಅಂತ ತೋರಿಸಿದರು. ರೋಗ ಯಾವುದು ಅಂತ ತಿಳಿಯದೆ ಔಷಧಿ ಕೊಡಬಾರದು, ಅಲ್ವಾ? ಊರಿಗೂ ಹಾಗೇ ಅನ್ನುವುದು ಅವರ ವಾದ.

ಇಂದೋರಿನ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಪ್ಲೇಗ್ ಕಾಡುತ್ತಿತ್ತು. ಗೆಡ್ಡೀಸ್ ದೀಪಾವಳಿಗೆ ದೊಡ್ಡ ಮೆರವಣಿಗೆ ಹೊರಡಿಸಿದರು. ಯಾವ ಬೀದಿಯವರು ತಮ್ಮ ಬೀದಿ, ಮನೆ ಚೆನ್ನಾಗಿ ಗುಡಿಸಿ ರಿಪೇರಿ ಮಾಡಿಕೊಂಡಿರುತ್ತಾರೋ ಆ ಬೀದಿಯಲ್ಲೇ ಮೆರವಣಿಗೆ ಹೋಗುತ್ತೆ ಅಂತ ಸಾರಿಸಿದರು. ಊರಿಗೆ ಊರೇ ಗುಡಿಸಿತು. ರಾಶಿ ರಾಶಿ ಕಸ ಹೊರಗೆ ಹೋಯಿತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯನ್ನೂ ಮಾಡಿ ಹೊತ್ತರು. ಈ ಪಾಠ ಕೇಳಿದ ದಿನ ಹಾಸ್ಟೆಲಿಗೆ ಹೋದ ಮೇಲೂ ನಾವು ಅದನ್ನೇ ಮಾತಾಡಿದೆವು. ಯೋಜನೆ ಅಂದರೆ ಜನರಿಗೆ ನಾವು ಮಾಡಿಕೊಡುವುದು ಅಂದುಕೊಂಡಿದ್ದೆ. ಜನರೇ ಕೈಹಾಕಿ ಮಾಡುವ ಹಾಗೆ ಮಾಡಬಹುದು ಅನ್ನುವುದು ನನಗೆ ಅವತ್ತು ಹೊಸದು.

ಪ್ಲೇಗ್ ನಮ್ಮ ಊರಿಗೂ ಸೇರಿದ ಕಥೆ. 1898ರಲ್ಲಿ ಬೆಂಗಳೂರಿಗೆ ಬಂತು. ಮೈಸೂರನ್ನೂ ಬಿಡಲಿಲ್ಲ. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಅದರ ನಂತರ. ಮೈಸೂರಿನಲ್ಲಿ 1903ರಲ್ಲಿ ಊರನ್ನು ಸುಧಾರಿಸಿ ಬಡಾವಣೆ ಮಾಡುವ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಹಳಬರ ಬಾಯಲ್ಲಿ ಅದು ಇವತ್ತಿಗೂ ಸಿಐಟಿಬಿ. ಅಗಲವಾದ ಬೀದಿ, ಮನೆ ಸುತ್ತ ಗಾಳಿಗೆ ಜಾಗ, ಹಿಂಭಾಗದಲ್ಲಿ ಕನ್ಸರ್ವೆನ್ಸಿ ಗಲ್ಲಿ. ಹಳೆಯ ಬಡಾವಣೆಗಳಲ್ಲಿ ಓಡಾಡುವಾಗ ಈ ಗಲ್ಲಿಗಳನ್ನು ನೋಡಿ. ಮಲ ಹೊರುವವರು ಮನೆಯ ಹಿಂದಿನಿಂದ ಬಂದು ಹೋಗಲಿ ಅಂತ ಬಿಟ್ಟ ದಾರಿ ಅದು. ಒಳಚರಂಡಿ ಬಂದ ಮೇಲೆ ಆ ಕೆಲಸ ನಿಂತಿತು, ಗಲ್ಲಿ ಉಳಿಯಿತು. ಅಷ್ಟು ಅಚ್ಚುಕಟ್ಟಾದ ಬಡಾವಣೆಯ ನಕ್ಷೆಯಲ್ಲೂ ಯಾರು ಮುಂಬಾಗಿಲಿಗೆ ಬರಬಾರದು ಅನ್ನುವುದು ಬರೆದಿದೆ. ಅದನ್ನು ಓದಲು ಕಲಿಸಿದ್ದಕ್ಕೆ ನಾನು ನಮ್ಮ ವಿಭಾಗಕ್ಕೆ ಋಣಿ.

ದೇವರಾಜ ಮಾರುಕಟ್ಟೆಯನ್ನು ಅಳೆದದ್ದು ಎರಡನೇ ಸೆಮಿಸ್ಟರಿನಲ್ಲಿ. ಬೆಳಗ್ಗೆ ಜನ ಜಾಸ್ತಿ ಆಗುವುದರೊಳಗೆ ಮುಗಿಸಬೇಕಿತ್ತು. ಹೂವಿನ ಸಾಲಿನಲ್ಲಿ ಟೇಪು ಬಿಚ್ಚಿದಾಗ ಅಲ್ಲಿದ್ದ ಒಬ್ಬ ಹೂವಿನ ಅಮ್ಮ ಮಲ್ಲಿಗೆಯನ್ನು ಮೊಳ ಹಾಕುತ್ತಲೇ ಹೇಳಿದರು: "ಎರಡು ಬುಟ್ಟಿ ಎದುರುಬದುರು ಬಂದ್ರೆ ಹಾಯ್ಬೇಕು. ಅಷ್ಟು ಅಗಲ ಇದೆ, ಬರ್ಕೋ." ಮೀಟರಿನ ಲೆಕ್ಕ ನನಗೆ ಮರೆತುಹೋಗಿದೆ. ಬುಟ್ಟಿಯ ಲೆಕ್ಕ ಮರೆತಿಲ್ಲ. 2016ರ ಆಗಸ್ಟಿನಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿದ ಸುದ್ದಿ ಟೀವಿಯಲ್ಲಿ ಬಂದಾಗ ನಮ್ಮ ಬ್ಯಾಚಿನವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿದೆವು. ಅದನ್ನು ಕೆಡವಿ ಹೊಸದು ಕಟ್ಟಬೇಕೋ, ರಿಪೇರಿ ಮಾಡಬೇಕೋ ಅನ್ನುವ ಜಗಳ ಆಮೇಲೆ ಕೋರ್ಟಿಗೂ ಹೋಯಿತು. ರಿಪೇರಿ ಮಾಡಿ ಉಳಿಸಿಕೊಳ್ಳಬೇಕು ಅನ್ನುವುದು ಅವತ್ತಿಗೂ ಇವತ್ತಿಗೂ ನನ್ನ ಅಭಿಪ್ರಾಯ.

ಇಷ್ಟೆಲ್ಲ ಹೇಳಿದೆ. ನಾನು ಬರೆಯಬೇಕು ಅಂತ ಕೂತದ್ದು ಮಾತ್ರ ನಾಲೆಯ ಬಗ್ಗೆ.

ಎರಡನೇ ವರ್ಷ ನಮ್ಮ ಗುಂಪಿಗೆ ಕುಕ್ಕರಹಳ್ಳಿ ಕೆರೆ ಸಿಕ್ಕಿತು. ದಿನಾ ಬೆಳಗ್ಗೆ ಏರಿಯ ಮೇಲೆ ನಡೆಯುತ್ತಿದ್ದ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ನಾವು ದಡ, ಹಕ್ಕಿ, ನಡೆಯುವ ದಾರಿ ಅಂತ ಪಟ್ಟಿ ಮಾಡಿಕೊಂಡು ಹೋದೆವು. ಮೇಷ್ಟ್ರು ಕೇಳಿದ್ದು ಒಂದೇ ಮಾತು. "ಇದಕ್ಕೆ ನೀರು ಎಲ್ಲಿಂದ ಬರುತ್ತೆ?" ಒಂದು ವರ್ಷಕ್ಕೂ ಮೇಲೆ ಪಕ್ಕದಲ್ಲೇ ಇದ್ದೂ ನಮಗ್ಯಾರಿಗೂ ಗೊತ್ತಿರಲಿಲ್ಲ.

ಪೂರ್ಣಯ್ಯ ನಾಲೆಯ ಕಥೆ ಹಾಗೆ ಶುರುವಾಯಿತು. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ತರಬೇಕು ಅಂತ ತೋಡಿಸಲು ಹೊರಟ ಕಾಲುವೆ ಅದು. ಅಂದುಕೊಂಡ ಹಾಗೆ ಕಾವೇರಿ ಬರಲಿಲ್ಲ. ಊರೊಳಗಿನ ಭಾಗ ಕೊಳಕು ತುಂಬಿದ ಚರಂಡಿಯಾಯಿತು. ಆಮೇಲೆ ಅದನ್ನು ಮುಚ್ಚಿ ಮೇಲೆ ಅಗಲವಾದ ರಸ್ತೆ ಮಾಡಿದರು. ಅದೇ ಸಯ್ಯಾಜಿರಾವ್ ರಸ್ತೆ. ದಸರೆಯಲ್ಲಿ ಜಂಬೂಸವಾರಿ ಸಾಗುವುದು ಮುಚ್ಚಿದ ನಾಲೆಯ ಮೇಲೆ! ಊರ ಹೊರಗಿನ ಭಾಗ ಮಾತ್ರ ಮಳೆನೀರು ಹಿಡಿದು ಕುಕ್ಕರಹಳ್ಳಿ ಕೆರೆಗೆ ತಂದು ಬಿಡುತ್ತಿತ್ತು.

ಸರ್ವೆ ಕಚೇರಿಯಿಂದ ಗ್ರಾಮ ನಕಾಶೆಗಳನ್ನು ತಂದು, ಅಂಚಿಗೆ ಅಂಚು ಸೇರಿಸಿ ಅಂಟಿಸಿದೆವು. ಒಂದು ಹಳ್ಳಿಯ ನಕಾಶೆ ಇನ್ನೊಂದಕ್ಕೆ ಸರಿಯಾಗಿ ಕೂಡುವುದಿಲ್ಲ. ಆ ಕೆಲಸಕ್ಕೇ ಒಂದು ವಾರ ಹಿಡಿಯಿತು. ಆಮೇಲೆ ಕೆರೆಯಿಂದ ಹಿಂದಕ್ಕೆ, ನೀರಿಗೆ ಎದುರಾಗಿ ನಡೆದೆವು. ನಕಾಶೆಯಲ್ಲಿ ನಾಲೆ ಹಾವಿನ ಹಾಗೆ ಸುತ್ತುತ್ತದೆ. ಅದು ಸುಮ್ನೆ ಸುತ್ತುವುದಲ್ಲ. ದಿಣ್ಣೆಯ ಮಗ್ಗುಲಲ್ಲಿ ಒಂದೇ ಮಟ್ಟ ಹಿಡಿದು, ನೀರು ಓಡದೆ, ನಿಲ್ಲದೆ, ಮೆಲ್ಲಗೆ ಹರಿಯುವಷ್ಟು ಇಳಿಜಾರು ಕೊಟ್ಟು ತೋಡಿದ್ದಾರೆ. ದಾರಿಯಲ್ಲಿ ಬಿದ್ದ ಮಳೆಯನ್ನೆಲ್ಲ ಮೇಲ್ಗಡೆಯಿಂದ ಹಿಡಿದುಕೊಳ್ಳುತ್ತೆ. ಈಗಿನ ಬಡಾವಣೆಯ ರಸ್ತೆಗಳು ಸ್ಕೇಲ್ ಇಟ್ಟು ಎಳೆದವು. ಅವು ನಾಲೆಯನ್ನು ದಾಟಿದ ಕಡೆಯಲ್ಲೆಲ್ಲ ನಮಗೆ ರಸ್ತೆಯ ಕೆಳಗೆ ನೀರು ಹಾಯುವ ಒಂದು ಮೋರಿ ಸಿಗಬೇಕಿತ್ತು. ಕೆಲವು ಕಡೆ ಸಿಕ್ಕಿತು. ಕೆಲವು ಕಡೆ ಸೈಟಿನ ಕಲ್ಲು ಮಾತ್ರ ಇತ್ತು.

ಒಂದು ಕಡೆ ನಾಲೆ ಪೂರ್ತಿ ಮಾಯ. ಸುತ್ತಲೂ ಕಾಂಗ್ರೆಸ್ ಗಿಡ, ಕಟ್ಟಡ ಒಡೆದ ಮಣ್ಣು. ದನ ಮೇಯಿಸುತ್ತಿದ್ದ ಒಬ್ಬ ತಾತನನ್ನು ಕೇಳಿದೆವು. ಅವರು ಕೋಲಿನಿಂದ ಒಂದು ಸಾಲು ಹೊಂಗೆ ಮರಗಳನ್ನು ತೋರಿಸಿದರು. "ಆ ಮರ ಎಲ್ಲ ನಾಲೆ ಏರಿ ಮೇಲಿನವು. ಮರದ ಹಿಂದೆನೇ ಹೋಗಿ." ಹೋದೆವು. ಮರಗಳ ಬುಡದಲ್ಲಿ ಕಲ್ಲು ಕಟ್ಟಡದ ಎರಡು ವರಸೆ ಮಣ್ಣಿನಿಂದ ಮೇಲೆ ಕಾಣುತ್ತಿತ್ತು. ಆ ಹೊತ್ತಿನ ಸಂತೋಷವನ್ನು ಹೇಗೆ ಬರೆಯಲಿ! ಐದು ಜನ ಮಣ್ಣಲ್ಲಿ ಕೂತು ಕೈಯಿಂದಲೇ ಕಲ್ಲು ಒರೆಸಿದೆವು.

ಖರಾಬು ಅನ್ನುವ ಪದ ನಾನು ಕಲಿತದ್ದೂ ಆಗಲೇ. ಎ ಖರಾಬು ಅಂದರೆ ಹಿಡುವಳಿಯೊಳಗೆ ಬೇಸಾಯಕ್ಕೆ ಬಾರದ ನೆಲ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆ, ಸ್ಮಶಾನ, ಎಲ್ಲರಿಗೂ ಸೇರಿದ್ದು. ಪಹಣಿಯಲ್ಲಿ ಅದು ಒಂದು ಸಣ್ಣ ಅಂಕಿ. ಗುಂಟೆ ಲೆಕ್ಕದ್ದು. ಆ ಅಂಕಿಯೊಳಗೆ ಒಂದು ಕೆರೆಯ ನೀರು ಇರುತ್ತೆ ಅಂತ ನನಗೆ ಯಾವ ಎಂಜಿನಿಯರಿಂಗ್ ಪುಸ್ತಕವೂ ಹೇಳಿರಲಿಲ್ಲ.

ಓದು ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ಊರಿನ ಹೆಸರು ಬೇಡ. ಒಂದು ಬಡಾವಣೆಯ ನಕ್ಷೆ ನನ್ನ ಮೇಜಿಗೆ ಬಂತು. ರಸ್ತೆ ಅಗಲ, ಪಾರ್ಕು, ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯಕ್ಕೆ ಬಿಡುವ ಸಿಎ ಸೈಟು ಎಲ್ಲ ನಿಯಮದ ಪ್ರಕಾರ ಇತ್ತು. ಕೆಲಸದ ಒತ್ತಡ ಜಾಸ್ತಿ ಇತ್ತು. ಸ್ಥಳಕ್ಕೆ ಹೋಗದೆ, ಸರಿ ಇದೆ ಅಂತ ಬರೆದೆ. ಮೂರು ಮಳೆಗಾಲ ಕಳೆದ ಮೇಲೆ ಒಂದು ರಾತ್ರಿ ಅಲ್ಲಿಯ ತಗ್ಗಿನ ಸಾಲಿಗೆ ನೀರು ನುಗ್ಗಿತು. ಬೆಳಗ್ಗೆ ಹೋದಾಗ ಒಬ್ಬ ತಾಯಿ ಮಕ್ಕಳ ಪಠ್ಯಪುಸ್ತಕಗಳನ್ನು ಒಂದೊಂದಾಗಿ ಕಾಂಪೌಂಡಿನ ಮೇಲೆ ಒಣಹಾಕುತ್ತಿದ್ದರು. ಗ್ರಾಮ ನಕಾಶೆ ತೆಗೆದು ನೋಡಿದೆ. ಹಳ್ಳ ಅಲ್ಲೇ ಇತ್ತು, ಆ ಸಾಲಿನ ಮೇಲೆಯೇ. ನಾನು ಹೋಗಿ ಯಾರಾದರೂ ದನ ಕಾಯುವವರನ್ನು ಕೇಳಿದ್ದರೆ ಸಾಕಿತ್ತು. ಅವತ್ತಿನಿಂದ ಇವತ್ತಿನವರೆಗೆ ಸ್ಥಳಕ್ಕೆ ಹೋಗದೆ ಒಂದು ಫೈಲಿಗೂ ಸಹಿ ಹಾಕಿಲ್ಲ. ಆ ಪುಸ್ತಕಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ.

ಈಗ ನಮ್ಮ ಕಚೇರಿಗೆ ಬರುವ ಹುಡುಗ ಹುಡುಗಿಯರು ಉಪಗ್ರಹದ ಚಿತ್ರದ ಮೇಲೆ ಗಂಟೆಯೊಳಗೆ ನಕ್ಷೆ ಮಾಡುತ್ತಾರೆ. ಕೆಲಸ ಚೆನ್ನಾಗಿದೆ, ನಾವು ವಾರಗಟ್ಟಲೆ ಒದ್ದಾಡಿದ್ದು ಅವರಿಗೆ ಬೇಕಿಲ್ಲ. ಆದರೂ ಹೊಸಬರು ಬಂದ ಮೊದಲ ವಾರ ಅವರನ್ನು ಒಂದು ಹಳ್ಳದ ಗುಂಟ ನಡೆಸುತ್ತೇನೆ. ನೀರಿಗೆ ಎದುರಾಗಿ.

ವಿಭಾಗದ ಈಗಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ ಇದೆ. ನಾವು ಮಾಡಿದ ನಾಲೆಯ ನಕ್ಷೆ ಟ್ರೇಸಿಂಗ್ ಹಾಳೆಯಲ್ಲಿದೆ. ಉದ್ದ ಸುಮಾರು ಎರಡು ಮೀಟರ್, ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿ ಹಾಕಿ ಸ್ಟುಡಿಯೋದ ಬೀರುವಿನ ಮೇಲೆ ಇಟ್ಟು ಬಂದಿದ್ದೆವು. ಅದು ಇನ್ನೂ ಇದ್ದರೆ ದಯವಿಟ್ಟು ಸ್ಕ್ಯಾನ್ ಮಾಡಿಸಿ. ಖರ್ಚು ನಾನು ಕೊಡುತ್ತೇನೆ. ಹೊಂಗೆ ಮರಗಳನ್ನು ಹಸಿರು ಚುಕ್ಕಿಯಲ್ಲಿ ಗುರುತಿಸಿದ್ದೇವೆ. ಅವುಗಳಲ್ಲಿ ಎಷ್ಟು ಉಳಿದಿವೆ ಅಂತ ಒಮ್ಮೆ ನಡೆದು ನೋಡಿ ಬರೆಯಿರಿ. ಹಾಳೆಯ ಎಡತುದಿಯಲ್ಲಿ, ಐದನೇ ಮೋರಿಯ ಪಕ್ಕ, ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಗುರುತು ಇದೆ. ಅದು ನನ್ನ ಕೈಬರಹ. ಅಲ್ಲಿಂದ ಮುಂದೆ ನಾಲೆ ಯಾವ ಕಡೆ ತಿರುಗುತ್ತೆ ಅಂತ ನಮಗೆ ಸಿಗಲಿಲ್ಲ. ಕತ್ತಲಾಗಿತ್ತು, ಮರುದಿನ ಕೆಲಸವನ್ನು ಪರೀಕ್ಷಕರ ಮುಂದಿಡುವ ಜ್ಯೂರಿ ಇತ್ತು, ವಾಪಸ್ ಬಂದುಬಿಟ್ಟೆವು.