ಗಾಲ್ಫ್ ಆಟಗಾರರಲ್ಲಿ ಒಳ್ಳೆಯವರು ಯಾರು, ಸೊಕ್ಕಿನವರು ಯಾರು?

ವಿರಾಜಪೇಟೆ ಕಡೆ ಹೋಮ್‌ಸ್ಟೇ ನಡೆಸುವವರಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಜಿಗಣೆ ಇದೆಯಾ? ಆನೆ ಬರುತ್ತಾ? ಪಂದಿಕರಿ ಎಷ್ಟು ಹೊತ್ತಿಗೆ? ನನಗೆ ಮಾತ್ರ ಇನ್ನೊಂದು ಜಾಸ್ತಿ. ಜಗಲಿಯಲ್ಲಿ ಒರಗಿಸಿಟ್ಟ ಗಾಲ್ಫ್ ಬ್ಯಾಗ್ ಕಂಡವರು, ರಾತ್ರಿ ನಾನು ಟಿವಿ ಮುಂದೆ ಕೂತಿರುವುದನ್ನು ನೋಡಿದವರು ಕೇಳಿಯೇ ಕೇಳುತ್ತಾರೆ: "ಇದು ಜಂಟಲ್‌ಮನ್‌ಗಳ ಆಟ ಅಂತಾರಲ್ಲ, ಈ ದೊಡ್ಡ ದೊಡ್ಡ ಆಟಗಾರರು ನಿಜಕ್ಕೂ ಹೇಗೆ? ಯಾರು ಒಳ್ಳೆಯವರು, ಯಾರಿಗೆ ಸೊಕ್ಕು?"

ಇವರಲ್ಲಿ ಒಬ್ಬರ ಕೈಯನ್ನೂ ನಾನು ಕುಲುಕಿಲ್ಲ. ಆದರೂ ವರ್ಷಗಟ್ಟಲೆ ನೋಡಿ, ಓದಿ, ಒಂದು ಅಭಿಪ್ರಾಯ ಬಂದುಬಿಟ್ಟಿದೆ. ಗಾಲ್ಫ್ ಆಟಗಾರನಿಗೆ ಎರಡು ಹೆಸರು ಇರುತ್ತವೆ. ಪ್ರೇಕ್ಷಕರನ್ನು ತಡೆಯಲು ಕಟ್ಟಿದ ಹಗ್ಗದ ಆಚೆ ನಿಂತ ಜನ ಕೊಡುವ ಹೆಸರು ಒಂದು, ಜೊತೆಯಲ್ಲಿ ಆಡುವವರು ಕೊಡುವ ಹೆಸರು ಇನ್ನೊಂದು. ಮೊದಲನೆಯದು ಕೆಟ್ಟರೆ ರಿಪೇರಿ ಮಾಡಿಕೊಳ್ಳಬಹುದು. ಎರಡನೆಯದು ಕೆಟ್ಟರೆ ಕಪ್ ಗೆದ್ದರೂ ಸರಿಹೋಗುವುದಿಲ್ಲ.

ನಮ್ಮೂರಿನವರಿಗೆ ಇದನ್ನು ಹಾಕಿ ಮೂಲಕ ಹೇಳಿದರೆ ಬೇಗ ಅರ್ಥವಾಗುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬವನ್ನು ನೋಡುತ್ತಾ ಬೆಳೆದವರು ನಾವು. ಅಲ್ಲಿ ತಪ್ಪು ಹಿಡಿಯುವುದು ಅಂಪೈರ್ ಕೆಲಸ. ಸೀಟಿ ಊದುತ್ತಾರೆ, ಹಸಿರು ಕಾರ್ಡ್ ತೋರಿಸಿದರೆ ಎರಡು ನಿಮಿಷ ಹೊರಗೆ. ಚೆಂಡು ಕಾಲಿಗೆ ತಾಗಿದ್ದನ್ನು ಅಂಪೈರ್ ನೋಡದಿದ್ದರೆ ಆಟಗಾರ ಸುಮ್ನೆ ಓಡುತ್ತಾನೆ, ಅವನ ಮನೆಯವರೂ ಬೈಯುವುದಿಲ್ಲ. ಗಾಲ್ಫ್‌ನಲ್ಲಿ ರೆಫರಿ ಇದ್ದರೂ ಪ್ರತಿ ಹೊಡೆತಕ್ಕೂ ಪಕ್ಕದಲ್ಲಿ ಇರುವುದಿಲ್ಲ. ತಪ್ಪು ಮಾಡಿದವನೇ ಬಾಯಿಬಿಟ್ಟು ಹೇಳಬೇಕು.

ಬಿಟ್ಟಂಗಾಲದ ಕೋರ್ಸ್‌ಗೆ ಕಕ್ಕಡ ತಿಂಗಳಲ್ಲಿ ಬಂದು ನೋಡಿ. ಮಡಿಕೇರಿ, ಪಾಲಿಬೆಟ್ಟದ ಕೋರ್ಸ್‌ಗಳಲ್ಲೂ ಮಳೆಗಾಲದ ಕಥೆ ಬೇರೆ ಅಲ್ಲ. ಚೆಂಡು ಒದ್ದೆ ಹುಲ್ಲಿನೊಳಗೆ ಅರ್ಧ ಹೂತಿರುತ್ತದೆ. ಬ್ಯಾಗ್ ಹೊರುವ ಕ್ಯಾಡಿ ಹುಡುಗ ಬೇಕೆಂದೇ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಬೂಟಿನ ತುದಿ ಒಂದಿಷ್ಟು ತಾಗಿದರೆ ಚೆಂಡು ಮೇಲೆ ಬಂದು ಕೂರುತ್ತದೆ, ಯಾರೂ ನೋಡುವುದಿಲ್ಲ. ಹೋಲ್ (ಒಂದು ಗುಂಡಿಯ ಆಟ) ಮುಗಿದ ಮೇಲೆ ಕೊಡೆಯ ಕೆಳಗೆ ಹೊಡೆತದ ಲೆಕ್ಕದ ಕಾರ್ಡ್ ತೆಗೆದು "ಎಷ್ಟು ಬರೀಲಿ ಭಾವಾ?" ಅಂತ ಕೇಳಿದಾಗ, ಬೂಟಿನ ಮಣ್ಣು ನೋಡುತ್ತಾ "ಐದು" ಅನ್ನುವವರು ಇದ್ದಾರೆ. ಕಮ್ಮಿ ಹೊಡೆತದವನೇ ಗೆಲ್ಲುವ ಆಟ ಇದು; ನಿಜಕ್ಕೂ ಆರೋ ಏಳೋ ಆಗಿರುತ್ತದೆ. ನಾನು ಐದೇ ಬರೆಯುತ್ತೇನೆ. ಆದರೆ ಆ ಮನುಷ್ಯನ ಹೆಸರು ಆ ಗಳಿಗೆಯಲ್ಲೇ ನಿರ್ಧಾರವಾಗಿಬಿಡುತ್ತದೆ, ಕ್ಲಬ್ಬಿನಲ್ಲಿ ಅವರು ಎಲ್ಲರಿಗೂ ಎಷ್ಟೇ ಕಾಫಿ ಕೊಡಿಸಲಿ.

ವೃತ್ತಿಪರರ ಲೋಕವೂ ಹೀಗೇ ಓಡುತ್ತದೆ. 1925ರ ಯು.ಎಸ್. ಓಪನ್ ಗಾಲ್ಫ್ ಟೂರ್ನಿಯಲ್ಲಿ ಅಮೆರಿಕದ ಬಾಬಿ ಜೋನ್ಸ್ ಹೊಡೆಯಲು ನಿಂತಾಗ ಹುಲ್ಲಿನಲ್ಲಿದ್ದ ಚೆಂಡು ಒಂಚೂರು ಅಲುಗಾಡಿತು. ಬೇರೆ ಯಾರಿಗೂ ಕಂಡಿರಲಿಲ್ಲ. ತೀರ್ಮಾನವನ್ನು ಅಧಿಕಾರಿಗಳು ಅವರಿಗೇ ಬಿಟ್ಟರು. ಅವರು ತಮ್ಮ ಮೇಲೆ ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು. ಕೊನೆಗೆ ಪಂದ್ಯ ಸಮ ಆಯಿತು, ಪ್ಲೇಆಫ್‌ನಲ್ಲಿ ವಿಲ್ಲೀ ಮ್ಯಾಕ್‌ಫರ್ಲೇನ್‌ಗೆ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಕಪ್ ಅವರದೇ. ಜನ ಹೊಗಳಿದಾಗ, ಬ್ಯಾಂಕ್ ದೋಚಲಿಲ್ಲ ಅಂತ ಯಾರನ್ನಾದರೂ ಹೊಗಳುತ್ತೀರಾ ಎಂಬ ಅರ್ಥದ ಮಾತು ಹೇಳಿದರಂತೆ.

ನನಗೆ ಅದಕ್ಕಿಂತ ಇಷ್ಟ ಅರ್ಜೆಂಟೀನಾದ ರೊಬೆರ್ಟೊ ಡಿ ವಿಸೆಂಜೊ ಕಥೆ. 1968ರ ಮಾಸ್ಟರ್ಸ್ ಟೂರ್ನಿ, ಕೊನೆಯ ದಿನ, ಅವರ 45ನೇ ಹುಟ್ಟುಹಬ್ಬ. 17ನೇ ಹೋಲ್‌ನಲ್ಲಿ 3 ಹೊಡೆದರು. ಗಾಲ್ಫ್‌ನಲ್ಲಿ ನಮ್ಮ ಕಾರ್ಡನ್ನು ಜೊತೆಗಾರ ಬರೆಯುತ್ತಾನೆ. ಜೊತೆಗಿದ್ದ ಟಾಮಿ ಆರನ್ 4 ಅಂತ ಬರೆದಿದ್ದರು. ಡಿ ವಿಸೆಂಜೊ ಸರಿಯಾಗಿ ನೋಡದೆ ಸಹಿ ಹಾಕಿದರು. ಸಹಿ ಮಾಡಿದ ಮೇಲೆ ಜಾಸ್ತಿ ಬರೆದ ಅಂಕವೇ ಗಟ್ಟಿ. ಬಾಬ್ ಗೋಲ್ಬಿ ಜೊತೆ ಪ್ಲೇಆಫ್ ಆಡಬೇಕಿದ್ದವರು ಒಂದು ಹೊಡೆತದಿಂದ ಸೋತರು. ಇಡೀ ಜಗತ್ತು ಟಿವಿಯಲ್ಲಿ 3 ನೋಡಿದೆ, ಕಾರ್ಡ್‌ನಲ್ಲಿ 4 ಇದೆ. ಬೇರೆ ಆಟದಲ್ಲಾಗಿದ್ದರೆ ಕೋರ್ಟು ಕಚೇರಿ ಆಗುತ್ತಿತ್ತು, ಅಲ್ವಾ? ಇವರು ಆರನ್ ಮೇಲೆ ಒಂದು ಮಾತು ಹಾಕಲಿಲ್ಲ. ನಾನೆಂಥ ಪೆದ್ದ ಅಂತ ತಮ್ಮನ್ನೇ ಬೈದುಕೊಂಡರು.

ಈ ಕಥೆಗೂ ಅಭಿಮಾನಿಗಳ ದೂರಿಗೂ ಒಂದು ನಂಟಿದೆ. ಗುಂಡಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲಿಗೆ ಗ್ರೀನ್ ಅನ್ನುತ್ತಾರೆ. "18ನೇ ಗ್ರೀನ್ ಹತ್ತಿರ ನನ್ನ ಮಗ ಕ್ಯಾಪ್ ಹಿಡಿದು ನಿಂತಿದ್ದ, ಆ ಮನುಷ್ಯ ತಿರುಗಿಯೂ ನೋಡದೆ ಹೋದ" ಅನ್ನುವ ದೂರು ಎಲ್ಲ ಆಟಗಾರರ ಬಗ್ಗೆಯೂ ಇದೆ. ಆ ಹೊತ್ತಿನಲ್ಲಿ ಅವರು ಹೋಗುತ್ತಿರುವುದು ಕಾರ್ಡ್ ಪರೀಕ್ಷಿಸಿ ಸಹಿ ಹಾಕಲು. ತಲೆಯಲ್ಲಿ ಹದಿನೆಂಟು ಅಂಕಿಗಳು. ಆ ಸಹಿ ಮುಗಿಯುವ ತನಕ ಬೇರೆ ಸಹಿ ಕೊಡದವರೇ ಜಾಸ್ತಿ. ಅದು ಮುಗಿದ ಮೇಲೆ ಏನು ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಸಹಿ ಪಡೆದು ಮಾರುವ ದಂಧೆಯೂ ಇದೆ. ಒಂದೇ ಮನುಷ್ಯ ಹತ್ತು ಬಾವುಟ ಹಿಡಿದು ಬಂದರೆ ಯಾರಿಗಾದರೂ ಮುಖ ಗಂಟಾಗುತ್ತದೆ. ಅದಕ್ಕೇ ಕೆಲವರು ಮಕ್ಕಳಿಗೆ ಮಾತ್ರ ಕೊಡುತ್ತಾರೆ.

ಸಹಿಯ ವಿಷಯದಲ್ಲಿ ಎಲ್ಲರ ಗುರು ಅಮೆರಿಕದ ಹಿರಿಯ ಆಟಗಾರ ಆರ್ನಾಲ್ಡ್ ಪಾಮರ್. 2016ರಲ್ಲಿ ತೀರಿಕೊಂಡರು. ಓದಲಿಕ್ಕೆ ಬರುವಂತೆ ಸಹಿ ಹಾಕಿ ಅಂತ ಕಿರಿಯರಿಗೆ ಬುದ್ಧಿ ಹೇಳುತ್ತಿದ್ದರು. ಕೋಳಿ ಕೆದಕಿದ ಹಾಗೆ ಗೀಚಿ ಕೊಟ್ಟರೆ ಕೊಟ್ಟಿದ್ದು ಯಾರು ಅಂತಲೇ ಗೊತ್ತಾಗುವುದಿಲ್ಲವಲ್ಲ.

ಪಾಮರ್ ನಂತರ ಆ ಜಾಗಕ್ಕೆ ಬಂದವರು ಫಿಲ್ ಮಿಕಲ್ಸನ್. ನನಗೆ ಇವರ ಬಗ್ಗೆ ಮಾತಾಡಲು ರಾತ್ರಿ ಸಾಲದು. ಆಟ ಮುಗಿದ ಮೇಲೆ ಒಂದು ಗಂಟೆ ನಿಂತು ಸಹಿ ಹಾಕುವವರು, ಜನರತ್ತ ಹೆಬ್ಬೆರಳು ಎತ್ತಿ ನಗುವವರು. ಆದರೆ 2018ರ ಯು.ಎಸ್. ಓಪನ್‌ನಲ್ಲಿ, ಶಿನೆಕಾಕ್ ಹಿಲ್ಸ್‌ನ 13ನೇ ಗ್ರೀನ್ ಮೇಲೆ, ತಾವು ಹೊಡೆದ ಚೆಂಡು ಇಳಿಜಾರಿನಲ್ಲಿ ಉರುಳಿ ಹೋಗುತ್ತಿದ್ದಾಗ ಹಿಂದೆಯೇ ಓಡಿ, ಉರುಳುವ ಚೆಂಡನ್ನೇ ಮತ್ತೆ ವಾಪಸ್ ಹೊಡೆದರು. ಅವತ್ತು ಅವರ 48ನೇ ಹುಟ್ಟುಹಬ್ಬ. ಎರಡು ಹೊಡೆತದ ದಂಡ ಸೇರಿ ಆ ಒಂದು ಹೋಲ್‌ಗೆ 10. ಆಮೇಲೆ ಮೊದಲು ಹೇಳಿದ್ದು, ನಿಯಮ ನೋಡಿಯೇ ಮಾಡಿದೆ ಅಂತ. ಕ್ಷಮೆ ಬಂದಿದ್ದು ಕೆಲವು ದಿನ ತಡವಾಗಿ. ಹಗ್ಗದ ಆಚೆಯ ಜನ ನಕ್ಕು ಮರೆತರು. ಆಟದ ಒಳಗಿನವರಲ್ಲಿ ಅನರ್ಹ ಮಾಡಬೇಕಿತ್ತು ಅಂದವರು ಕಮ್ಮಿ ಇರಲಿಲ್ಲ. ನನಗೂ ಹಾಗೇ ಅನ್ನಿಸುತ್ತದೆ.

ಅದೇ ವರ್ಷದ ಮಾರ್ಚ್‌ನಲ್ಲಿ ಇನ್ನೊಂದು ನಡೆದಿತ್ತು. ಮೆಕ್ಸಿಕೋದ ಟೂರ್ನಿಯಲ್ಲಿ ಮೂರು ದಿನದ ಆಟ ಮುಗಿದಾಗ ಮುಂದಿದ್ದವರು ನಮ್ಮ ಶುಭಂಕರ್ ಶರ್ಮಾ, 21 ವರ್ಷದ ಹುಡುಗ. ಆ ವಾರ ಅವರು ಮಿಕಲ್ಸನ್ ಹತ್ತಿರ ಹೋಗಿ ಪರಿಚಯ ಮಾಡಿಕೊಳ್ಳಲು ನೋಡಿದರೆ, ಮಿಕಲ್ಸನ್ ಇವರನ್ನು ಯಾರೋ ಪತ್ರಕರ್ತ ಅಂದುಕೊಂಡು, ಆಟ ಮುಗಿದ ಮೇಲೆ ಮಾತಾಡೋಣ ಅಂದುಬಿಟ್ಟರು. ಗೊತ್ತಾದ ಮೇಲೆ ಪೇಚಿಗೆ ಬಿದ್ದರು. ಈ ಕಥೆ ಹೊರಬಂದಿದ್ದು ಮಿಕಲ್ಸನ್ ಬಾಯಿಂದಲೇ. ಶರ್ಮಾ ಕೂಡ ಅದನ್ನು ದೊಡ್ಡದು ಮಾಡಲಿಲ್ಲ. ಕಪ್ ಕೊನೆಗೆ ಹೋಗಿದ್ದೂ ಮಿಕಲ್ಸನ್ ಕೈಗೇ. ಇಂಥ ಕಡೆ ನನಗೆ ಆ ಮನುಷ್ಯ ಇಷ್ಟವಾಗಿಬಿಡುತ್ತಾರೆ, ಏನು ಮಾಡೋದು.

"ಟೈಗರ್ ವುಡ್ಸ್‌ಗೆ ಸೊಕ್ಕು ಅಂತಾರಲ್ಲ?" ಇದನ್ನು ಕೇಳದವರಿಲ್ಲ. ಉಗುಳಿದ್ದು ನಿಜ. 2011ರಲ್ಲಿ ದುಬೈನ ಗ್ರೀನ್ ಮೇಲೆ ಉಗುಳಿದ್ದಕ್ಕೆ ಯುರೋಪಿಯನ್ ಟೂರ್ ದಂಡ ಹಾಕಿತು. ಕ್ಲಬ್ ಎಸೆದದ್ದು, ಕೆಟ್ಟ ಮಾತು ಆಡಿದ್ದು ಟಿವಿಯಲ್ಲೇ ಇದೆ. 2002ರಲ್ಲಿ ಅವರ ಕ್ಯಾಡಿ ಸ್ಟೀವ್ ವಿಲಿಯಮ್ಸ್, ಸ್ವಿಂಗ್ ಮಧ್ಯೆ ಕ್ಲಿಕ್ಕಿಸಿದ ಒಬ್ಬರ ಕ್ಯಾಮೆರಾ ಕಿತ್ತು ಕೆರೆಗೆ ಎಸೆದರು. ಆ ಕಾಲದಲ್ಲಿ ಹಗ್ಗದ ಆಚೆಯ ಜನರತ್ತ ವುಡ್ಸ್ ಕಣ್ಣು ಎತ್ತಿ ನೋಡಿದ್ದೇ ಅಪರೂಪ. ಆದರೆ 2019ರ ಮಾಸ್ಟರ್ಸ್ ಗೆದ್ದ ದಿನ ನೋಡಿ. ತಮ್ಮ ಆಟ ಮುಗಿಸಿದ್ದ ಬ್ರೂಕ್ಸ್ ಕೆಪ್ಕಾ, ಜಸ್ಟಿನ್ ಥಾಮಸ್, ರಿಕಿ ಫೌಲರ್ ಎಲ್ಲ ಮನೆಗೆ ಹೋಗದೆ ಸಾಲಾಗಿ ನಿಂತು ಕಾದಿದ್ದರು, ಒಂದು ಅಪ್ಪುಗೆಗೆ. ಸೋತವರು ಸುಮ್ನೆ ಹಾಗೆ ನಿಲ್ಲುವುದಿಲ್ಲ. ಜೊತೆ ಆಟಗಾರರ ಲೆಕ್ಕದಲ್ಲಿ ಸಿಟ್ಟು ಬೇರೆ, ಚೆಂಡು ಜರುಗಿಸುವುದು ಬೇರೆ. ಸರ್ಜಿಯೊ ಗಾರ್ಸಿಯಾ ಚೆಂಡು ಬೀಳುವ ಗುಂಡಿಯೊಳಗೇ ಉಗುಳಿದವರು, 2019ರಲ್ಲಿ ಸೌದಿಯಲ್ಲಿ ಗ್ರೀನ್ ಹಾಳು ಮಾಡಿ ಅನರ್ಹರಾದವರು. ಅವರನ್ನೂ ಬೈಯುತ್ತಾರೆ, ಆಮೇಲೆ ಜೊತೆಯಲ್ಲಿ ಊಟಕ್ಕೆ ಕೂರುತ್ತಾರೆ.

ಅಭಿಮಾನಿಗಳ ಹೆಸರು ಎಷ್ಟು ಬೇಗ ಬದಲಾಗುತ್ತದೆ ಅನ್ನುವುದಕ್ಕೆ ಬ್ರೈಸನ್ ಡಿಶಾಂಬೊ ಸಾಕು. 2020ರಲ್ಲಿ ತಾನು ಸಿಟ್ಟಾಗಿದ್ದನ್ನು ಚಿತ್ರೀಕರಿಸಿದ ಅಂತ ಕ್ಯಾಮೆರಾದವನ ಜೊತೆ ಜಗಳ. 2021ರಲ್ಲಿ ಬ್ರೂಕ್ಸ್ ಕೆಪ್ಕಾ ಜೊತೆ ಮನಸ್ತಾಪ. ಜನ ಹೋದಲ್ಲೆಲ್ಲ "ಬ್ರೂಕ್ಸಿ" ಅಂತ ಕೂಗಿ ಕಿಚಾಯಿಸಿದರು. ಹಾಗೆ ಕೂಗಿ ಹೊರಹಾಕಿಸಿಕೊಂಡವರಿಗೆ ಬಿಯರ್ ಕೊಡಿಸುತ್ತೇನೆ ಅಂತ ಕೆಪ್ಕಾ ತುಪ್ಪ ಸುರಿದರು. ಮೂರೇ ವರ್ಷ. ಯೂಟ್ಯೂಬ್‌ನಲ್ಲಿ ನಗುನಗುತ್ತಾ ಆಡುವ ವಿಡಿಯೋಗಳು ಬಂದವು. 2024ರಲ್ಲಿ ಪೈನ್‌ಹರ್ಸ್ಟ್‌ನಲ್ಲಿ ಯು.ಎಸ್. ಓಪನ್ ಗೆದ್ದು, ಕಪ್ಪನ್ನು ಹಗ್ಗದ ಹತ್ತಿರ ತಂದು ಜನರ ಕೈಗೆ ಮುಟ್ಟಿಸಿದರು. ಕಿಚಾಯಿಸಿದ ಜನವೇ ಜೈಕಾರ ಹಾಕಿತು.

ಪ್ಯಾಟ್ರಿಕ್ ರೀಡ್‌ಗೆ ಈ ಭಾಗ್ಯ ಸಿಗಲಿಲ್ಲ. 2018ರ ಮಾಸ್ಟರ್ಸ್ ಗೆದ್ದವರು, ಆಟದಲ್ಲಿ ಅದ್ಭುತ ಕೈ. 2019ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ, ಮರಳಿನ ಜಾಗದಲ್ಲಿ ಅಭ್ಯಾಸದ ಸ್ವಿಂಗ್ ಮಾಡುತ್ತಾ ಚೆಂಡಿನ ಹಿಂದಿನ ಮರಳನ್ನು ಕ್ಲಬ್‌ನಿಂದ ಸರಿಸಿದರು. ಒಂದು ಸಲ ಅಲ್ಲ, ಎರಡು ಸಲ. ಎರಡು ಹೊಡೆತದ ದಂಡ ಬಿತ್ತು. ಬೇಕೆಂದು ಮಾಡಿಲ್ಲ, ಕ್ಯಾಮೆರಾ ಕೋನ ಹಾಗೆ ತೋರಿಸುತ್ತದೆ ಅಂದರು. ಮುಂದಿನ ವಾರ ಮೆಲ್ಬರ್ನ್‌ನಲ್ಲಿ ಪ್ರೆಸಿಡೆಂಟ್ಸ್ ಕಪ್, ಅಮೆರಿಕಕ್ಕೂ ಯುರೋಪ್ ಬಿಟ್ಟು ಉಳಿದ ದೇಶಗಳಿಗೂ ನಡೆಯುವ ತಂಡಗಳ ಆಟ. ಎದುರು ತಂಡದ ಕ್ಯಾಮರೂನ್ ಸ್ಮಿತ್ ಮೊದಲೇ ಬಾಯಿಬಿಟ್ಟು ಟೀಕಿಸಿದ್ದರು. ಜನರ ಗೇಲಿ ತಡೆಯಲಾಗದೆ ರೀಡ್‌ರ ಕ್ಯಾಡಿ ಒಬ್ಬ ಪ್ರೇಕ್ಷಕನನ್ನು ತಳ್ಳಿದರು, ಕೊನೆಯ ದಿನ ಅವರಿಗೆ ಕ್ಯಾಡಿ ಕೆಲಸ ಇಲ್ಲ ಅಂತಾಯಿತು. ದಂಡ ಅವತ್ತಿಗೇ ಮುಗಿದಿದೆ. ಆ ಮರಳು ಮಾತ್ರ ಇವತ್ತಿಗೂ ಅವರ ಬೆನ್ನು ಬಿಟ್ಟಿಲ್ಲ.

ಇಷ್ಟು ಹೇಳಿದ ಮೇಲೆ ಜನರ ನಡತೆಯನ್ನೂ ಹೇಳಬೇಕು. 2025ರ ರೈಡರ್ ಕಪ್, ಅಂದರೆ ಅಮೆರಿಕ ಮತ್ತು ಯುರೋಪ್ ತಂಡಗಳ ಆಟ, ನ್ಯೂಯಾರ್ಕ್ ಬಳಿಯ ಬೆತ್‌ಪೇಜ್. ರೋರಿ ಮ್ಯಾಕಿಲ್ರಾಯ್ ಹೊಡೆಯಲು ನಿಂತರೆ ಬೈಗುಳ, ಅದೂ ಹೆಂಡತಿ ಪಕ್ಕದಲ್ಲಿರುವಾಗ. ಆಕೆಗೆ ಯಾರೋ ಎಸೆದ ಪಾನೀಯದ ಲೋಟ ತಾಗಿತು. ಜನರನ್ನು ಹುರಿದುಂಬಿಸಲು ನಿಲ್ಲಿಸಿದ್ದ ನಿರೂಪಕಿಯೇ ಬೈಗುಳದ ಘೋಷಣೆಗೆ ದನಿಗೂಡಿಸಿ, ಆಮೇಲೆ ಕೆಲಸ ಬಿಟ್ಟರು. ಯುರೋಪ್ 15-13ರಿಂದ ಗೆದ್ದಿತು. ಅಂಥ ಜನರ ಮುಂದೆ ಆಟಗಾರ ಒಮ್ಮೆ ತಿರುಗಿ ಬೈದರೆ ಅವನಿಗೆ ಸೊಕ್ಕು ಅಂತ ನಾನು ಅನ್ನುವುದಿಲ್ಲ.

"ಹಾಗಾದರೆ ನಿಮಗೆ ಯಾರು ಇಷ್ಟ?" ಅಂತ ಕೊನೆಗೆ ಕೇಳುತ್ತಾರೆ. ಪೇನ್ ಸ್ಟುವರ್ಟ್ ಅನ್ನುತ್ತೇನೆ. 1999ರ ರೈಡರ್ ಕಪ್, ಬ್ರೂಕ್‌ಲೈನ್. ಅದೂ ಕೆಟ್ಟ ಜನಜಂಗುಳಿಯೇ. ಕಾಲಿನ್ ಮಾಂಟ್ಗೊಮರಿಯನ್ನು ಎಷ್ಟು ಬೈದರೆಂದರೆ ಅವರ ತಂದೆ ಕೇಳಲಾಗದೆ ಎದ್ದು ಹೋದರು. ಅವತ್ತು ಅಮೆರಿಕದ ಆಟಗಾರರೂ ಕಮ್ಮಿ ಇರಲಿಲ್ಲ. ಜಸ್ಟಿನ್ ಲೆನರ್ಡ್ ಉದ್ದದ ಪಟ್ (ಗ್ರೀನ್ ಮೇಲೆ ಚೆಂಡನ್ನು ಗುಂಡಿಗೆ ಉರುಳಿಸುವ ಹೊಡೆತ) ಹಾಕಿದ ಕೂಡಲೇ, ಎದುರಾಳಿ ಒಲಾಥಾಬಲ್ ಇನ್ನೂ ಪಟ್ ಮಾಡುವುದಿದೆ ಅನ್ನುವುದನ್ನೂ ಮರೆತು ಗ್ರೀನ್ ಮೇಲೆ ನುಗ್ಗಿ ಕುಣಿದರು. ಮಾಂಟ್ಗೊಮರಿ ವಿರುದ್ಧ ಆಡುತ್ತಿದ್ದ ಸ್ಟುವರ್ಟ್ ಮಾತ್ರ, ಬೈಯುತ್ತಿದ್ದ ತಮ್ಮದೇ ದೇಶದವರನ್ನು ಹೊರಹಾಕಿ ಅಂತ ಅಧಿಕಾರಿಗಳಿಗೆ ಹೇಳಿದರು. ಅಮೆರಿಕ ಕಪ್ ಗೆದ್ದಾಗಿತ್ತು. 18ನೇ ಹೋಲ್‌ನಲ್ಲಿ ಮಾಂಟ್ಗೊಮರಿಗೆ ಇನ್ನೂ ಒಂದು ಪಟ್ ಬಾಕಿ. ಈ ಗದ್ದಲದಲ್ಲಿ ಅದನ್ನೂ ಅವರಿಂದ ಹೊಡೆಸುವುದು ಬೇಡ ಅಂತ ಸ್ಟುವರ್ಟ್ ಆಟವನ್ನೇ ಅವರಿಗೆ ಬಿಟ್ಟುಕೊಟ್ಟರು. ಅವರದು ಮೊದಲಿಂದ ಸಾಧು ಸ್ವಭಾವ ಏನಲ್ಲ. ಹರೆಯದಲ್ಲಿ ಬಾಯಿ ಜೋರು ಅನ್ನಿಸಿಕೊಂಡಿದ್ದವರೇ.

ಇನ್ನು ಟಿವಿಯಲ್ಲಿ ನೋಡಿ ನೀವೇ ತೀರ್ಮಾನ ಮಾಡಬೇಕೆಂದರೆ, ಆಟಗಾರ ಹೊಡೆಯುವಾಗ ನೋಡಬೇಡಿ. ಜೊತೆಯವನು ಪಟ್ ಮಾಡುವಾಗ ಇವನು ಎಲ್ಲಿ ನಿಂತಿದ್ದಾನೆ ನೋಡಿ. ನೆರಳು ದಾರಿಯ ಮೇಲೆ ಬೀಳದ ಹಾಗೆ ಸರಿದು ನಿಂತಿದ್ದಾನಾ, ಅವನ ಚೆಂಡಿನ ದಾರಿ ತುಳಿಯದೆ ಸುತ್ತಿ ಬರುತ್ತಾನಾ, ತನ್ನದು ಮುಗಿಯಿತು ಅಂತ ಮುಂದಿನ ಹೋಲ್ ಶುರುವಾಗುವ ಟೀ ಕಡೆ ಹೊರಟುಬಿಡುತ್ತಾನಾ. ಕ್ಯಾಮೆರಾ ಅಲ್ಲಿಗೆ ಹೋಗುವುದು ಕಮ್ಮಿ. ಪರದೆಯ ಮೂಲೆಯಲ್ಲಿ ಹುಡುಕಬೇಕು.